ತೂಕ ಇಳಿಯಬೇಕಾದದ್ದು ಊಟದ ತಟ್ಟೆಯಲ್ಲಿ

ಶಿವಮೊಗ್ಗದಿಂದ ಜೋಗಕ್ಕೆ ಬಿ.ಎಚ್. ರಸ್ತೆಯಲ್ಲಿ ಸುಮಾರು 100 ಕಿ.ಮೀ. ಊರು ಬಿಟ್ಟು ಹತ್ತು ಕಿ.ಮೀ. ಹೋದರೆ ತ್ಯಾವರೆಕೊಪ್ಪದ ಹುಲಿ–ಸಿಂಹಧಾಮ, ಮುಂದೆ ಆಯನೂರು, ಕುಂಸಿ, ಆನಂದಪುರ, ಸಾಗರ. ಘಟ್ಟ ಹತ್ತಬೇಕಾದ ದಾರಿಯಲ್ಲ, ಹಾಗೆಂದು ಸಪಾಟೂ ಅಲ್ಲ. ಉದ್ದಕ್ಕೂ ಸಣ್ಣ ಸಣ್ಣ ಏರಿಳಿತ. ಮೊದಲ ಸಲ ದೂರದ ಸೈಕಲ್ ಸವಾರಿಗೆ ಹೊರಡುವವರಿಗೆ ಇದು ಹೇಳಿ ಮಾಡಿಸಿದಂಥ ರಸ್ತೆ. ಇಂಥ ಸವಾರಿಯ ಆಸೆ ಹುಟ್ಟುವುದು ಎಷ್ಟೋ ಜನರಲ್ಲಿ ತೂಕದ ಚಿಂತೆಯಿಂದ. ಹೊಟ್ಟೆ ಬಂದಿದೆ, ಡಾಕ್ಟರು ಎಚ್ಚರಿಸಿದ್ದಾರೆ, ಸೈಕಲ್ ತುಳಿದರೆ ತೂಕವೂ ಇಳಿಯುತ್ತದೆ, ಜೋಗವನ್ನೂ ಮುಟ್ಟಬಹುದು ಎಂಬ ಲೆಕ್ಕ. ಆಸೆ ಒಳ್ಳೆಯದೇ. ಆದರೆ ಎರಡೂ ಗುರಿಗಳನ್ನು ಒಂದೇ ಸವಾರಿಯ ಮೇಲೆ ಹೇರಿದರೆ ಎರಡೂ ಕೈಕೊಡುತ್ತವೆ. ಸೈಕಲ್ ಮೇಲೆ ಕೂತಾಗ ಧಾರಾಳವಾಗಿ ತಿನ್ನಬೇಕು, ತೂಕದ ಕಡಿತವೆಲ್ಲ ವಾರದ ಉಳಿದ ಊಟಗಳಲ್ಲಿ ಆಗಬೇಕು ಎಂಬುದು ನನ್ನ ವಾದ.

ಚಿಂತೆ ಸುಳ್ಳಲ್ಲ. ಐಸಿಎಂಆರ್ ಬೆಂಬಲದಲ್ಲಿ ದೇಶದಾದ್ಯಂತ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ವಯಸ್ಕ ಭಾರತೀಯರಲ್ಲಿ ಶೇ 39.5ರಷ್ಟು ಜನರಿಗೆ ಹೊಟ್ಟೆಯ ಬೊಜ್ಜಿದೆ, ಶೇ 11.4ರಷ್ಟು ಜನರಿಗೆ ಮಧುಮೇಹವಿದೆ. ನಮ್ಮ ದೇಹದ ಗುಣ ನೋಡಿ ವೈದ್ಯರು ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ಸೊಂಟದ ಸುತ್ತಳತೆಯನ್ನು ಮಿತಿಯೆಂದು ಇಟ್ಟಿದ್ದಾರೆ. ಆದರೆ ಈ ಬೊಜ್ಜನ್ನು ಸೈಕಲ್ ಒಂದೇ ಕರಗಿಸುತ್ತದೆಂಬ ನಂಬಿಕೆಯನ್ನು ಒಮ್ಮೆ ಅಂಕಿಯ ಮುಂದೆ ನಿಲ್ಲಿಸಿ ನೋಡಬೇಕು. 85 ಕಿಲೋ ತೂಗುವವರು ಗಂಟೆಗೆ 18 ಕಿ.ಮೀ. ವೇಗದಲ್ಲಿ ತುಳಿದರೆ ಗಂಟೆಗೆ 500ರಿಂದ 600 ಕ್ಯಾಲೊರಿ ಖರ್ಚಾಗುತ್ತದೆ. ಜೋಗ ಮುಟ್ಟುವಷ್ಟರಲ್ಲಿ ಒಟ್ಟು 3000 ಎನ್ನಿ. ಒಂದು ಕಿಲೋ ಕೊಬ್ಬಿನಲ್ಲಿ ಅಡಗಿರುವುದು ಸುಮಾರು 7700 ಕ್ಯಾಲೊರಿ. ಅಂದರೆ 100 ಕಿ.ಮೀ. ತುಳಿದರೂ, ಖರ್ಚಾದದ್ದೆಲ್ಲ ಕೊಬ್ಬೇ ಎಂದುಕೊಂಡರೂ, ಕರಗುವುದು 400 ಗ್ರಾಂ. ಇನ್ನು ತ್ಯಾವರೆಕೊಪ್ಪಕ್ಕೆ ಹೋಗಿ ಬರುವ 20 ಕಿ.ಮೀ. ಸವಾರಿಯ ಖರ್ಚನ್ನು ಹೋಟೆಲಿನ ಒಂದು ಮಸಾಲೆ ದೋಸೆ, ಒಂದು ವಡೆ, ಸಕ್ಕರೆ ಹಾಕಿದ ಕಾಫಿ ಹೆಚ್ಚುಕಡಿಮೆ ತುಂಬಿಬಿಡುತ್ತವೆ.

ದೇಹವೂ ತನ್ನ ಲೆಕ್ಕ ಇಟ್ಟಿರುತ್ತದೆ. ಉತ್ತರ ಟಾಂಜಾನಿಯಾದ ಹಡ್ಜಾ ಜನ ಇಂದಿಗೂ ದಿನವಿಡೀ ನಡೆದು ಬೇಟೆಯಾಡಿ, ಗೆಡ್ಡೆ ಅಗೆದು ಬದುಕುವವರು. ಹರ್ಮನ್ ಪಾಂಟ್ಜರ್ ಮತ್ತು ಸಂಗಡಿಗರು ಅವರ ದಿನದ ಶಕ್ತಿವ್ಯಯವನ್ನು ಅಳೆದು 2012ರಲ್ಲಿ ಪ್ರಕಟಿಸಿದರು. ದೇಹದ ಗಾತ್ರವನ್ನು ಲೆಕ್ಕಕ್ಕೆ ತೆಗೆದುಕೊಂಡು ಹೋಲಿಸಿದಾಗ ಹಡ್ಜಾಗಳು ಅಮೆರಿಕ, ಯುರೋಪಿನ ಕುರ್ಚಿ ಕೆಲಸದವರಿಗಿಂತ ಹೆಚ್ಚೇನೂ ಖರ್ಚು ಮಾಡುತ್ತಿರಲಿಲ್ಲ. ದೇಹ ಒಂದು ಕಡೆಯ ಖರ್ಚನ್ನು ಇನ್ನೊಂದು ಕಡೆ ಉಳಿಸಿ ಸರಿದೂಗಿಸುತ್ತದೆ ಎಂಬುದು ಪಾಂಟ್ಜರ್ ಅವರ ವಿವರಣೆ. ಇದರ ಪ್ರಮಾಣ ಎಷ್ಟು ಎಂಬ ಬಗ್ಗೆ ವಿಜ್ಞಾನಿಗಳಲ್ಲಿ ಚರ್ಚೆ ಮುಗಿದಿಲ್ಲ. ಆದರೆ ವ್ಯಾಯಾಮವೊಂದರಿಂದಲೇ ತೂಕ ಇಳಿಸಲು ಹೊರಟವರಿಗೆ ನಿರೀಕ್ಷಿಸಿದಷ್ಟು ಇಳಿಯುವುದಿಲ್ಲ ಎಂಬುದು ಮತ್ತೆ ಮತ್ತೆ ಕಂಡ ಸಂಗತಿ. ಸೈಕಲ್ ಕೊಡುವುದು ಬೇರೆ: ಗಟ್ಟಿ ಹೃದಯ, ಹಿಡಿತದಲ್ಲಿರುವ ಸಕ್ಕರೆ, ಒಳ್ಳೆಯ ನಿದ್ದೆ, ಇಳಿದ ತೂಕ ಮತ್ತೆ ಏರದಂತೆ ಕಾಯುವ ಬಲ. ಇವಿಷ್ಟೇ ಸಾಕು, ಅದರ ಮೇಲೆ ಬೊಜ್ಜು ಕರಗಿಸುವ ಹೊಣೆಯನ್ನೂ ಹೊರಿಸಬೇಕಿಲ್ಲ.

ಹಾಗಾದರೆ ತಿನ್ನದೇ ತುಳಿದರೆ ಕೊಬ್ಬು ಬೇಗ ಕರಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ಖಾಲಿ ಹೊಟ್ಟೆಯಲ್ಲಿ ತುಳಿದಾಗ ಆ ಹೊತ್ತಿಗೆ ಕೊಬ್ಬು ಹೆಚ್ಚು ಉರಿಯುವುದು ನಿಜ. ಆದರೆ ದಿನದ ಒಟ್ಟು ಆಹಾರ ಒಂದೇ ಇದ್ದಾಗ, ವಾರಗಟ್ಟಲೆ ಹೋಲಿಸಿ ನೋಡಿದರೆ, ಉಪವಾಸದ ವ್ಯಾಯಾಮದಿಂದ ತೂಕದಲ್ಲಿ ಲಾಭವೇನೂ ಕಂಡಿಲ್ಲ. ದೂರದ ಸವಾರಿಯಲ್ಲಂತೂ ಅದು ಅಪಾಯ. ನಮ್ಮ ಸ್ನಾಯು ಮತ್ತು ಯಕೃತ್ತಿನಲ್ಲಿ ಗ್ಲೈಕೋಜನ್ ರೂಪದಲ್ಲಿ ಕೂಡಿಟ್ಟ ಸಕ್ಕರೆ ಸುಮಾರು 500 ಗ್ರಾಂ, ಅಂದರೆ 2000 ಕ್ಯಾಲೊರಿ. ಕೊಬ್ಬಿನ ದಾಸ್ತಾನು ಒಂದು ಲಕ್ಷ ಕ್ಯಾಲೊರಿಗೂ ಮೀರಿದ್ದರೂ ಅದು ನಿಧಾನವಾಗಿ ಬಿಡುಗಡೆಯಾಗುವಂಥದ್ದು. ವೇಗ ಹೆಚ್ಚಿದಷ್ಟೂ ದೇಹ ಸಕ್ಕರೆಗೇ ಕೈಹಾಕುತ್ತದೆ. ಹೊಸಬರು ಉತ್ಸಾಹದಲ್ಲಿ ಕುಂಸಿಯವರೆಗೆ ಓಡಿಸಿ, ಆನಂದಪುರ ದಾಟುವಾಗ ಕಣ್ಣು ಕತ್ತಲೆ ಬಂದು, ಕಾಲು ಸೋತು ಕೂರುವುದು ಇದರಿಂದಲೇ. ಮೈತುಂಬ ಕೊಬ್ಬಿದ್ದೂ ಕಾಲಿಗೆ ಕಸುವಿಲ್ಲದ ಸ್ಥಿತಿ ಅದು. ಮನೆಗೆ ಮರಳಿದ ಮೇಲೆ ಆ ಹಸಿವು ಸುಮ್ಮನೆ ಬಿಡುವುದೂ ಇಲ್ಲ. ಉಳಿಸಿದ್ದಕ್ಕೆ ಎರಡು ಪಟ್ಟು ರಾತ್ರಿಯ ಊಟಕ್ಕೆ ಹೋಗುತ್ತದೆ.

ಆದ್ದರಿಂದ ಒಂದೂವರೆ ಗಂಟೆ ಮೀರುವ ಸವಾರಿಯಲ್ಲಿ ಮೊದಲ ಗಂಟೆಯೊಳಗೇ ತಿನ್ನಲು ಶುರು ಮಾಡಿ, ಗಂಟೆಗೆ 30ರಿಂದ 60 ಗ್ರಾಂ ಶರ್ಕರಪಿಷ್ಟ ಹೊಟ್ಟೆಗೆ ಹಾಕಬೇಕು. ಬೆಲೆಬಾಳುವ ಪ್ಯಾಕೆಟ್ಟುಗಳೇನೂ ಬೇಡ. ಒಂದು ಮಧ್ಯಮ ಗಾತ್ರದ ಬಾಳೆಹಣ್ಣಿನಲ್ಲಿ ಸುಮಾರು 25 ಗ್ರಾಂ ಇದೆ, 25 ಗ್ರಾಂ ಬೆಲ್ಲದ ತುಂಡಿನಲ್ಲೂ ಹೆಚ್ಚುಕಡಿಮೆ ಅಷ್ಟೇ. ಏಲಕ್ಕಿ ಬಾಳೆಯಾದರೆ ಎರಡು ಬೇಕು. ಶೇಂಗಾ ಚಿಕ್ಕಿ, ಇಡ್ಲಿ, ಬೆಲ್ಲ ಕಲಸಿದ ಅವಲಕ್ಕಿ ಯಾವುದಾದರೂ ಆದೀತು. ನೀರಿನ ಜೊತೆ ಚಿಟಿಕೆ ಉಪ್ಪು, ನಿಂತಾಗ ಮಜ್ಜಿಗೆ. ಯಾವುದು ಹೊಟ್ಟೆಗೆ ಒಗ್ಗುತ್ತದೆಂದು ತಿಳಿಯುವುದೂ ತಾಲೀಮಿನ ಭಾಗ, ಹಾಗಾಗಿ ಸಣ್ಣ ಸವಾರಿಗಳಲ್ಲೇ ಪರೀಕ್ಷಿಸಿಕೊಳ್ಳಬೇಕು.

ಕಡಿತ ಬೇಕಿರುವುದು ಮನೆಯ ತಟ್ಟೆಯಲ್ಲಿ. ದಿನಕ್ಕೆ ಸುಮಾರು 500 ಕ್ಯಾಲೊರಿ ಕಡಿಮೆಯಾದರೆ ವಾರಕ್ಕೆ ಅರ್ಧ ಕಿಲೋದಷ್ಟು ಇಳಿಯುತ್ತದೆ. ಅದಕ್ಕಿಂತ ಅವಸರ ಮಾಡಿದರೆ ಕೊಬ್ಬಿನ ಜೊತೆ ಸ್ನಾಯುವೂ ಹೋಗುತ್ತದೆ, ತೀರಾ ವೇಗವಾಗಿ ಇಳಿದರೆ ಪಿತ್ತಕೋಶದಲ್ಲಿ ಕಲ್ಲಾಗುವ ಅಪಾಯವೂ ಇದೆ. ಮಲೆನಾಡಿನ ಊಟದಲ್ಲಿ ಅನ್ನ, ಅಕ್ಕಿರೊಟ್ಟಿ, ಕಡುಬು ಎಲ್ಲವೂ ಅಕ್ಕಿಯೇ. ರಾತ್ರಿಯ ಅನ್ನವನ್ನು ಅರ್ಧಕ್ಕಿಳಿಸಿ ಆ ಜಾಗದಲ್ಲಿ ಪಲ್ಯ, ಹುರುಳಿ ಅಥವಾ ಹೆಸರುಕಾಳು, ಮೊಸರು, ತಿನ್ನುವವರಿಗೆ ಮೊಟ್ಟೆ, ಮೀನು ಬಂದರೆ ಹಸಿವೂ ತಡೆಯುತ್ತದೆ, ಸ್ನಾಯುವೂ ಉಳಿಯುತ್ತದೆ. ವ್ಯಾಯಾಮ ಮಾಡುತ್ತ ತೂಕ ಇಳಿಸುವವರಿಗೆ ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 1.2ರಿಂದ 1.6 ಗ್ರಾಂ ಪ್ರೋಟೀನ್ ಬೇಕೆನ್ನುತ್ತಾರೆ. ನಮ್ಮ ಸಾಮಾನ್ಯ ಊಟದಲ್ಲಿ ಅಷ್ಟು ತಾನಾಗಿ ಸಿಗುವುದಿಲ್ಲ. ದೀರ್ಘ ಸವಾರಿಯ ಹಿಂದಿನ ರಾತ್ರಿ ಮಾತ್ರ ಅನ್ನ ಪೂರ್ತಿ ಬರಲಿ. ಜೋಗದ ಸವಾರಿಗೆ ಎರಡು ವಾರ ಇರುವಾಗ ಕಡಿತವನ್ನೇ ನಿಲ್ಲಿಸುವುದು ಒಳ್ಳೆಯದು.

ಮೊದಲು ತೂಕ ಇಳಿಯಲಿ, ಆಮೇಲೆ ಸೈಕಲ್ ಹತ್ತಿದರಾಯಿತು ಎನ್ನುವುದು ಇನ್ನೊಂದು ಬಗೆಯ ತಪ್ಪು. ದಪ್ಪಗಿದ್ದವರಿಗೆ ಏರು ಹತ್ತುವುದು ಅಸಾಧ್ಯ ಎಂಬ ಭಯ ಅದರ ಹಿಂದಿದೆ. ಏರಿನಲ್ಲಿ ತೂಕ ವೇಗವನ್ನು ತಗ್ಗಿಸುತ್ತದೆ, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಐದು ಕಿಲೋ ಕಡಿಮೆ ಹೊತ್ತು ಇಡೀ ಒಂದು ಸಾವಿರ ಮೀಟರ್ ಎತ್ತರ ಹತ್ತಿದರೂ ಉಳಿಯುವ ಶಕ್ತಿ ಸುಮಾರು 50 ಕ್ಯಾಲೊರಿ, ಅರ್ಧ ಬಾಳೆಹಣ್ಣಿನಷ್ಟು. ಸಮತಟ್ಟಿನಲ್ಲಿ ತಡೆಯುವುದು ತೂಕಕ್ಕಿಂತ ಹೆಚ್ಚಾಗಿ ಗಾಳಿ. ಮಂಡಿಯ ಮಾತಿಗೆ ಬಂದರೆ, ನಡೆಯುವಾಗ ಮಂಡಿಯ ಮೇಲೆ ಬೀಳುವ ಭಾರ ದೇಹತೂಕದ ಎರಡು ಮೂರು ಪಟ್ಟು; ಸೈಕಲ್ಲಿನಲ್ಲಿ ಮೈಭಾರದ ಬಹುಪಾಲನ್ನು ಸೀಟು ಹೊರುವುದರಿಂದ ಅದು ಬಹಳ ಕಡಿಮೆ. ಸವಾರರ ಮಂಡಿನೋವಿಗೆ ಹೆಚ್ಚಿನ ವೇಳೆ ಕಾರಣ ತಗ್ಗಾದ ಸೀಟು. ಗೋಡೆಗೆ ಒರಗಿ ಕೂತು, ಪೆಡಲನ್ನು ಪೂರ್ತಿ ಕೆಳಗೆ ತಂದು, ಅದರ ಮೇಲೆ ಹಿಮ್ಮಡಿ ಇಟ್ಟಾಗ ಕಾಲು ನೆಟ್ಟಗಾಗಬೇಕು. ಆಮೇಲೆ ಪಾದದ ಮುಂಭಾಗದಿಂದ ತುಳಿದರೆ ಮಂಡಿಯಲ್ಲಿ ಎಷ್ಟು ಬೇಕೋ ಅಷ್ಟೇ ಬಾಗು ಉಳಿಯುತ್ತದೆ. ಭಾರದ ಗೇರಿನಲ್ಲಿ ಒದ್ದಾಡುವ ಬದಲು ಹಗುರ ಗೇರಿನಲ್ಲಿ ನಿಮಿಷಕ್ಕೆ 80 ಸುತ್ತಿನ ಆಸುಪಾಸು ತುಳಿಯುವುದು ಇನ್ನೊಂದು ರಕ್ಷಣೆ.

ದುಬಾರಿ ಸೈಕಲ್ ಇಲ್ಲದೆ ಆಗದು ಎನ್ನುವವರಿಗೆ ಹೇಳುವುದಿಷ್ಟು: ಗೇರು ಬೇಕು, ಒಳ್ಳೆಯ ಬ್ರೇಕು, ಟೈರು ಬೇಕು, ಭಾರದ ಸವಾರರಿಗೆ ಗಟ್ಟಿಯಾದ ಹಿಂದಿನ ಚಕ್ರ ಬೇಕು, ಉಳಿದದ್ದು ಅಲಂಕಾರ. ಶಿಕಾರಿಪುರದ ಬಿ.ಎಸ್. ಯಡಿಯೂರಪ್ಪ ಹಣಕಾಸು ಖಾತೆ ಹೊತ್ತಿದ್ದ 2006–07ರಲ್ಲಿ ಎಂಟನೇ ತರಗತಿ ಮಕ್ಕಳಿಗೆ ಸರ್ಕಾರದ ಸೈಕಲ್ ಸಿಗತೊಡಗಿತು. ಅಂದು ಅದರಲ್ಲಿ ಶಾಲೆಗೆ ಹೋದವರು ಈಗ ಮೂವತ್ತು ದಾಟಿದ್ದಾರೆ, ತೂಕದ ಚಿಂತೆ ಶುರುವಾಗುವ ವಯಸ್ಸು. ಅವರ ಕಾಲಿಗೆ ಸೈಕಲ್ ಹೊಸದಲ್ಲ.

ಗಣಪತಿ ಹಬ್ಬ ಮುಗಿದು ಮಳೆ ತಗ್ಗಿದ ಮೇಲೆ ಶುರು ಮಾಡಿದರೆ ಸಂಕ್ರಾಂತಿಗೆ ಜೋಗ ಮುಟ್ಟಬಹುದು. ಸುಮಾರು ನಾಲ್ಕು ತಿಂಗಳು. ವಾರಕ್ಕೆ ಅರ್ಧ ಕಿಲೋ ಲೆಕ್ಕದಲ್ಲಿ ಏಳೆಂಟು ಕಿಲೋ ಇಳಿಸಲೂ ಸಾಕಾದ ಕಾಲ. ವಾರದ ನಡುವೆ ಎರಡು ದಿನ ಮುಕ್ಕಾಲು ಗಂಟೆ, ಭಾನುವಾರ ಒಂದು ದೀರ್ಘ ಸವಾರಿ. ಮೊದಲು ತ್ಯಾವರೆಕೊಪ್ಪ, ಕೆಲವು ವಾರ ಬಿಟ್ಟು ಆಯನೂರು, ಆಮೇಲೆ ಕುಂಸಿಗೆ ಹೋಗಿ ಬರುವ ಸುಮಾರು 50 ಕಿ.ಮೀ. ಭದ್ರಾವತಿಯವರಿಗೆ ತ್ಯಾವರೆಕೊಪ್ಪಕ್ಕೆ ಹೋಗಿ ಬಂದರೇ 60 ಕಿ.ಮೀ. ಹತ್ತಿರವಾಗುತ್ತದೆ, ಅವರ ಮೊದಲ ವಾರಗಳು ಶಿವಮೊಗ್ಗದವರೆಗೇ ಸಾಕು. ಮೂರು ವಾರ ಏರಿಸಿ ನಾಲ್ಕನೇ ವಾರ ತಗ್ಗಿಸಬೇಕು. ಜೊತೆಗಾರರೊಡನೆ ತಡೆಯಿಲ್ಲದೆ ಮಾತಾಡಬಲ್ಲ ವೇಗವೇ ಸರಿಯಾದ ವೇಗ. ಆ ವೇಗದಲ್ಲೇ ಸ್ನಾಯುಗಳು ಕೊಬ್ಬನ್ನು ಹೆಚ್ಚು ಬಳಸಲು ಕಲಿಯುತ್ತವೆ. 75 ಕಿ.ಮೀ. ನೆಮ್ಮದಿಯಾಗಿ ಮುಗಿಸಿದವರಿಗೆ 100 ಕಷ್ಟವಲ್ಲ. ಬಿ.ಪಿ., ಹೃದಯದ ತೊಂದರೆ ಇದ್ದವರು ಶುರುವಿಗೆ ಮುಂಚೆ ವೈದ್ಯರನ್ನು ಕಾಣಲೇಬೇಕು. ಇನ್ಸುಲಿನ್ ಅಥವಾ ಸಕ್ಕರೆ ತಗ್ಗಿಸುವ ಕೆಲವು ಮಾತ್ರೆ ತೆಗೆದುಕೊಳ್ಳುವವರಿಗೆ ದೀರ್ಘ ಸವಾರಿಯಲ್ಲಿ ಸಕ್ಕರೆ ತೀರಾ ಕುಸಿಯಬಹುದು, ಡೋಸ್ ಬಗ್ಗೆ ಮೊದಲೇ ಕೇಳಿಕೊಳ್ಳಬೇಕು. ಹೆದ್ದಾರಿಯಲ್ಲಿ ಬಸ್ಸು, ಲಾರಿಗಳ ಓಡಾಟವಿದೆ, ಚಳಿಗಾಲದ ಬೆಳಗಿಗೆ ಮಂಜು. ಹಿಂದಿನ ಕೆಂಪು ದೀಪ ಹಗಲಲ್ಲೂ ಉರಿಯಲಿ, ಹೆಲ್ಮೆಟ್ ತಲೆಯ ಮೇಲಿರಲಿ.

ಕೊನೆಗೆ ತೂಕದ ಯಂತ್ರದ ವಿಷಯ. ದೀರ್ಘ ಸವಾರಿ ಮುಗಿದೊಡನೆ ಎರಡು ಕಿಲೋ ಇಳಿದಂತೆ ಕಂಡರೆ ಅದು ಬಹುಪಾಲು ಬೆವರು. ಮರುದಿನ ಅಥವಾ ಅದರಾಚೆ ತೂಕ ಏರಿದಂತೆ ಕಂಡರೆ ಅದೂ ನೀರೇ: ಸ್ನಾಯುಗಳು ಮತ್ತೆ ತುಂಬಿಕೊಳ್ಳುವ ಪ್ರತಿ ಗ್ರಾಂ ಗ್ಲೈಕೋಜನ್ ತನ್ನೊಡನೆ ಸುಮಾರು ಮೂರು ಗ್ರಾಂ ನೀರನ್ನು ಹಿಡಿದಿಡುತ್ತದೆ. ಆ ಏರಿಕೆ ನೋಡಿ ಗಾಬರಿಯಾಗಿ ಮುಂದಿನ ಸವಾರಿಗೆ ಹಸಿದು ಹೊರಡುವುದರಿಂದಲೇ ಎಷ್ಟೋ ಜನರ ಸಿದ್ಧತೆ ಹಾಳಾಗುತ್ತದೆ. ಭಾನುವಾರ ತುಳಿಯುವವರು ವಾರಕ್ಕೊಮ್ಮೆ, ಗುರುವಾರವೋ ಶುಕ್ರವಾರವೋ, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ತೂಗಿ ಬರೆದಿಟ್ಟುಕೊಳ್ಳಲಿ. ಜೊತೆಗೆ ಹೊಕ್ಕುಳ ಮಟ್ಟದಲ್ಲಿ ಟೇಪು ಹಿಡಿದು ಸೊಂಟದ ಅಳತೆಯನ್ನೂ ಬರೆದಿಟ್ಟರೆ, ಒಂದು ತಿಂಗಳ ನಾಲ್ಕು ಸಾಲುಗಳಲ್ಲಿ ನಿಜವಾದ ಇಳಿಕೆ ಕಾಣುತ್ತದೆ.