ಕೀಲಿಕೈ ಒಳಗೆ, ನಾವು ಹೊರಗೆ!

ಕಾರಿನ ಬಾಗಿಲು ಮುಚ್ಚಿಕೊಂಡಾಗ ಮಾಡಬೇಕಾದದ್ದೇನು? ಹಾಗಾಗದಂತೆ ತಡೆಯುವುದು ಹೇಗೆ?

ರಾಯಚೂರು: ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನವನ್ನು ಊಹಿಸಿಕೊಳ್ಳಿ. ರಾಯಚೂರಿನಿಂದ ದೇವದುರ್ಗಕ್ಕೆ ಹೊರಟ ಕುಟುಂಬವೊಂದು ಊರು ತಲುಪಿ, ರಸ್ತೆ ಬದಿಯಲ್ಲಿ ಕಾರು ನಿಲ್ಲಿಸಿದೆ. ಎಂಜಿನ್ ಚಾಲೂ ಇದೆ, ಎ.ಸಿ. ಓಡುತ್ತಿದೆ, ಹಿಂದಿನ ಸೀಟಿನಲ್ಲಿ ಎರಡು ವರ್ಷದ ಮಗು ನಿದ್ದೆ ಹೋಗಿದೆ. ‘ಎರಡೇ ನಿಮಿಷ’ ಎಂದು ತಂದೆ ಕಲ್ಲಂಗಡಿ ಕೊಳ್ಳಲು ಇಳಿಯುತ್ತಾರೆ. ತಾಯಿ ಎದುರಿನ ಅಂಗಡಿಗೆ ನೀರಿನ ಬಾಟಲಿ ತರಲು ಹೋಗುತ್ತಾರೆ. ಎಚ್ಚರಗೊಂಡ ಮಗು ಮುಂದಿನ ಸೀಟಿಗೆ ಹತ್ತಿ ಕೈಗೆ ಸಿಕ್ಕ ಗುಂಡಿ ಒತ್ತುತ್ತದೆ. ‘ಠಕ್’ ಎಂಬ ಒಂದು ಸದ್ದು. ನಾಲ್ಕೂ ಬಾಗಿಲು ಭದ್ರ.

ಕೀಲಿಕೈ ಒಳಗಿದೆ. ಇನ್ನೊಂದು ಕೀಲಿಕೈ ರಾಯಚೂರಿನ ಮನೆಯ ಅಲಮಾರಿನಲ್ಲಿದೆ, ಐವತ್ತಕ್ಕೂ ಹೆಚ್ಚು ಕಿಲೋಮೀಟರ್ ದೂರದಲ್ಲಿ. ಇದೇ ಘಟನೆ ಮಾನ್ವಿಯಲ್ಲಿ ನಡೆದರೂ ಅಂತರ ಸುಮಾರು 45 ಕಿಲೋಮೀಟರ್. ಯಾರಾದರೂ ಬೈಕಿನಲ್ಲಿ ಎಷ್ಟೇ ವೇಗವಾಗಿ ತಂದರೂ ಒಂದು ಗಂಟೆ ಹಿಡಿಯುವುದು ಖಚಿತ. ಬೆಂಗಳೂರಿನಂಥ ನಗರದಲ್ಲಿ ಕೀಲಿಕೈ ಕಾರಿನೊಳಗೆ ಉಳಿಯುವುದು ಮುಜುಗರದ, ಒಂದಿಷ್ಟು ಖರ್ಚಿನ ಸಂಗತಿ. ಬಿಸಿಲನಾಡಿನಲ್ಲಿ, ಅದೂ ಊರಿಂದ ಊರಿಗೆ ಇಷ್ಟು ಅಂತರವಿರುವಲ್ಲಿ, ಅದು ಪ್ರಾಣದ ಪ್ರಶ್ನೆಯಾಗಬಲ್ಲದು.

ಬಾಗಿಲು ಮುಚ್ಚಿಕೊಳ್ಳುವುದು ಹೇಗೆ?

‘ನಾನು ಅಷ್ಟು ಮರೆಗುಳಿಯಲ್ಲ’ ಎನ್ನುವವರೇ ಹೆಚ್ಚು. ಆದರೆ ಇಲ್ಲಿ ಮರೆವಿನಷ್ಟೇ ಪಾತ್ರ ಕಾರಿನ ವ್ಯವಸ್ಥೆಗೂ ಇದೆ.

ಹಳೆಯ ಕಾರುಗಳಲ್ಲಿ ಕಿಟಕಿಯ ಅಂಚಿನ ಗುಬುಟನ್ನು ಕೆಳಕ್ಕೆ ಒತ್ತಿ, ಹೊರಗಿನ ಹಿಡಿಯನ್ನು ಎತ್ತಿ ಹಿಡಿದು ಬಾಗಿಲು ದೂಡಿದರೆ ಕೀಲಿಕೈ ಇಲ್ಲದೆಯೇ ಬೀಗ ಬೀಳುತ್ತಿತ್ತು. ಆ ಅಭ್ಯಾಸವೇ ಅನೇಕರನ್ನು ಬೀದಿಯಲ್ಲಿ ನಿಲ್ಲಿಸಿದ್ದುಂಟು. ನಂತರ ಬಂದ ಸೆಂಟ್ರಲ್ ಲಾಕ್ ಒಂದು ಗುಂಡಿಯಿಂದ ಎಲ್ಲ ಬಾಗಿಲುಗಳನ್ನೂ ಬಂಧಿಸುವ ಅನುಕೂಲ ತಂದಿತು. ದೊಡ್ಡವರ ಕೈಗೆ ಸುಲಭವಾದದ್ದು ಮಗುವಿನ ಬೆರಳಿಗೂ ಸುಲಭವಾಯಿತು.

ರಿಮೋಟ್ ಕೀಲಿಕೈಯಲ್ಲಿ ಇನ್ನೊಂದು ಸೂಕ್ಷ್ಮವಿದೆ. ಗುಂಡಿ ಒತ್ತಿ ಬೀಗ ತೆರೆದು, ಅರ್ಧ ನಿಮಿಷದಷ್ಟು ಹೊತ್ತು ಯಾವ ಬಾಗಿಲನ್ನೂ ತೆರೆಯದಿದ್ದರೆ ಅನೇಕ ಕಾರುಗಳು ತಾವಾಗಿಯೇ ಮತ್ತೆ ಬೀಗ ಹಾಕಿಕೊಳ್ಳುತ್ತವೆ. ಕಳ್ಳತನ ತಡೆಯಲೆಂದು ಮಾಡಿದ ಏರ್ಪಾಡು ಇದು. ಕೆಲವು ಕಾರುಗಳಲ್ಲಿ ಡಿಕ್ಕಿಯನ್ನಷ್ಟೇ ತೆರೆದರೆ ಅದನ್ನು ಬಾಗಿಲು ತೆರೆದಂತೆ ಲೆಕ್ಕ ಹಿಡಿಯುವುದಿಲ್ಲ. ಸಾಮಾನು ಜೋಡಿಸುವ ಭರದಲ್ಲಿ ಕೀಲಿಕೈಯನ್ನು ಡಿಕ್ಕಿಯಲ್ಲಿಟ್ಟು ಮುಚ್ಚಳ ಹಾಕಿದರೆ ಮುಗಿಯಿತು.

ಗುಂಡಿ ಒತ್ತಿ ಎಂಜಿನ್ ಚಾಲೂ ಮಾಡುವ ಹೊಸ ಕಾರುಗಳು ಹೆಚ್ಚು ಜಾಣವಾಗಿವೆ. ಕೀಲಿಕೈ ಒಳಗಿದೆಯೇ ಹೊರಗಿದೆಯೇ ಎಂಬುದನ್ನು ಕಾರಿನ ಆಂಟೆನಾಗಳು ಗುರುತಿಸುತ್ತವೆ. ಒಳಗಿದ್ದರೆ ಬೀಪ್ ಸದ್ದು ಮಾಡಿ ಬೀಗ ಹಾಕಲು ನಿರಾಕರಿಸುತ್ತವೆ. ಆದರೆ ಈ ಜಾಣತನಕ್ಕೂ ಮಿತಿಯಿದೆ. ಕೀಲಿಕೈಯ ಬ್ಯಾಟರಿ ಕ್ಷೀಣಿಸಿದ್ದರೆ, ಅದು ಲೋಹದ ಡಬ್ಬಿಯೊಳಗೋ ಮೊಬೈಲ್ ಫೋನಿಗೆ ಅಂಟಿಕೊಂಡೋ ಇದ್ದರೆ ಸಂಕೇತ ಸರಿಯಾಗಿ ತಲುಪದಿರಬಹುದು. ಒಳಗಿನಿಂದ ಮಗು ಒತ್ತುವ ಗುಂಡಿಯನ್ನಂತೂ ಈ ವ್ಯವಸ್ಥೆ ಎಲ್ಲ ಕಾರುಗಳಲ್ಲೂ ತಡೆಯುತ್ತದೆ ಎಂದು ನಂಬಿ ಕೂರುವಂತಿಲ್ಲ.

ಬಿಸಿಲು ಕಾಯುವುದಿಲ್ಲ

ರಾಯಚೂರು ಜಿಲ್ಲೆಯಲ್ಲಿ ಬೇಸಿಗೆಯ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುವುದು ವಿಶೇಷವೇನಲ್ಲ. ಗಾಜಿನ ಮೂಲಕ ಒಳಬಂದ ಬಿಸಿಲು ಡ್ಯಾಶ್‌ಬೋರ್ಡ್, ಸೀಟುಗಳನ್ನು ಕಾಯಿಸುತ್ತದೆ. ಅವು ಹೊರಸೂಸುವ ಶಾಖ ಗಾಜನ್ನು ದಾಟಿ ಹೊರಹೋಗಲಾರದು. ಒಳಗಿನ ಗಾಳಿಗೂ ಹೊರದಾರಿಯಿಲ್ಲ. ಹೀಗಾಗಿ ನಿಂತ ಕಾರು ಒಲೆಯಾಗುತ್ತದೆ.

ಈ ಕುರಿತು ಅಮೆರಿಕದ ವೈದ್ಯರು ಹಾಗೂ ಹವಾಮಾನ ತಜ್ಞರು ನಡೆಸಿದ ಅಧ್ಯಯನವೊಂದು 2005ರಲ್ಲಿ ಅಲ್ಲಿನ ಮಕ್ಕಳ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗಿನ ಉಷ್ಣಾಂಶ ಒಂದು ಗಂಟೆಯಲ್ಲಿ ಸರಾಸರಿ 22 ಡಿಗ್ರಿ ಸೆಲ್ಸಿಯಸ್ ಏರಿತು. ಗಮನಿಸಬೇಕಾದ ಅಂಶವೆಂದರೆ, ಈ ಏರಿಕೆಯ ಶೇ. 80ರಷ್ಟು ಮೊದಲ ಅರ್ಧ ಗಂಟೆಯಲ್ಲೇ ಆಗಿಹೋಯಿತು. ಕಿಟಕಿಯನ್ನು ಸ್ವಲ್ಪ ಇಳಿಸಿಟ್ಟರೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಅಲ್ಲಿ ಹೊರಗಿನ ಉಷ್ಣಾಂಶ ಹೆಚ್ಚೆಂದರೆ 36 ಡಿಗ್ರಿಯ ಆಸುಪಾಸಿನಲ್ಲಿತ್ತು. ನಮ್ಮ ಬೇಸಿಗೆಯ ಲೆಕ್ಕವನ್ನು ಓದುಗರೇ ಹಾಕಿಕೊಳ್ಳಬಹುದು.

ಮಗುವಿನ ದೇಹ ದೊಡ್ಡವರಿಗಿಂತ ಮೂರರಿಂದ ಐದು ಪಟ್ಟು ವೇಗವಾಗಿ ಕಾವೇರುತ್ತದೆ ಎನ್ನುತ್ತದೆ ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆ. ಅಂದರೆ ರಾಯಚೂರಿನಿಂದ ಎರಡನೇ ಕೀಲಿಕೈ ಬರುವವರೆಗೆ ಕಾಯುವ ಮಾತೇ ಇಲ್ಲ.

ಇದು ಬರೀ ಪುಸ್ತಕದ ಮಾತಲ್ಲ. ನೆರೆಯ ತೆಲಂಗಾಣದ ಚೇವೆಳ್ಳ ಬಳಿಯ ದಾಮರಗಿದ್ದ ಗ್ರಾಮದಲ್ಲಿ 2025ರ ಏಪ್ರಿಲ್‌ನಲ್ಲಿ, ನಿಂತಿದ್ದ ಕಾರಿನೊಳಗೆ ಸಿಲುಕಿ ಇಬ್ಬರು ಪುಟ್ಟ ಬಾಲಕಿಯರು ಅಸುನೀಗಿದರು. ಮರು ತಿಂಗಳು ಆಂಧ್ರಪ್ರದೇಶದ ವಿಜಯನಗರಂ ಬಳಿಯ ದ್ವಾರಪೂಡಿಯಲ್ಲಿ ಇದೇ ರೀತಿ ನಾಲ್ವರು ಮಕ್ಕಳು ಬಲಿಯಾದರು. ಆಟವಾಡುತ್ತ ಕಾರು ಹತ್ತಿದ ಮಕ್ಕಳಿಗೆ ಹೊರಬರಲಾಗಲಿಲ್ಲ. ಕೀಲಿಕೈ ಒಳಗೆ ಬಿಟ್ಟು ಬೀಗ ಬೀಳುವುದು ಎಷ್ಟು ಅಪಾಯವೋ, ಮನೆಯ ಮುಂದೆ ಕಾರನ್ನು ಬೀಗ ಹಾಕದೆ ಬಿಡುವುದೂ ಅಷ್ಟೇ ಅಪಾಯ.

ತಡೆಯುವುದು ಹೇಗೆ?

ಮೊದಲನೆಯದು ಹಾಗೂ ಎಲ್ಲಕ್ಕಿಂತ ಮುಖ್ಯವಾದದ್ದು: ಕೀಲಿಕೈ ಕಣ್ಣಿಗೆ ಕಾಣುವಂತೆ ಕೈಯಲ್ಲಿ ಇಲ್ಲದೆ ಬಾಗಿಲು ಮುಚ್ಚಬೇಡಿ. ಒಳಗಿನ ಗುಂಡಿಯಿಂದ ಬೀಗ ಹಾಕಿ ಇಳಿಯುವ ಅಭ್ಯಾಸ ಬಿಡಿ. ಇಳಿದು, ಬಾಗಿಲು ಮುಚ್ಚಿ, ಹೊರಗೆ ನಿಂತು ಕೀಲಿಕೈಯಿಂದಲೇ ಬೀಗ ಹಾಕುವುದನ್ನು ರೂಢಿಸಿಕೊಂಡರೆ ಈ ತೊಂದರೆ ಬಹುಪಾಲು ತಪ್ಪುತ್ತದೆ.

ಎರಡನೆಯದು: ಎಂಜಿನ್ ಚಾಲೂ ಇಟ್ಟು, ಮಗುವನ್ನು ಒಳಗೆ ಬಿಟ್ಟು ಇಳಿಯುವುದು ಬೇಡವೇ ಬೇಡ. ಮಗು ನಿದ್ದೆಯಲ್ಲಿದ್ದರೂ ಎತ್ತಿಕೊಂಡೇ ಇಳಿಯಿರಿ. ಅಳುವ ಮಗುವಿನ ಕೈಗೆ ಆಟಕ್ಕೆಂದು ಕೀಲಿಕೈ ಕೊಡುವುದೂ ಅಪಾಯಕರ.

ಮೂರನೆಯದು: ಎರಡನೇ ಕೀಲಿಕೈ ಅಲಮಾರಿನಲ್ಲಿದ್ದರೆ ಪ್ರಯಾಣದಲ್ಲಿ ಅದರ ಉಪಯೋಗ ಶೂನ್ಯ. ಪರವೂರಿಗೆ ಹೊರಟಾಗ ಅದು ಜೊತೆಯಲ್ಲಿ ಬರುವ ಇನ್ನೊಬ್ಬರ ಜೇಬಿನಲ್ಲಿರಲಿ. ಒಂದೇ ಗೊಂಚಲಿನಲ್ಲಿ ಎರಡನ್ನೂ ಪೋಣಿಸುವುದು, ಒಂದೇ ಕೈಚೀಲದಲ್ಲಿ ಎರಡನ್ನೂ ಹಾಕುವುದು ಸಲ್ಲದು.

ನಾಲ್ಕನೆಯದು ಅನೇಕರಿಗೆ ತಿಳಿಯದ ಉಪಾಯ. ಈಗಿನ ಕಾರುಗಳ ಕೀಲಿಕೈಯಲ್ಲಿ ಸಣ್ಣ ಚಿಪ್ ಇರುತ್ತದೆ. ಅದಿಲ್ಲದ ನಕಲು ಕೀಲಿಕೈಯಿಂದ ಎಂಜಿನ್ ಚಾಲೂ ಆಗುವುದಿಲ್ಲ. ಆದರೆ ಬಾಗಿಲು ತೆರೆಯಲು ಚಿಪ್ ಬೇಕಿಲ್ಲ! ಬಾಗಿಲಿಗೆ ಕೀಲಿಕೈ ತೂರಿಸುವ ಕಿಂಡಿ ಇರುವ ಕಾರಾದರೆ, ಬಾಗಿಲಿಗಷ್ಟೇ ಹೊಂದುವ ಸಾದಾ ನಕಲನ್ನು ಮಾಡಿಸಿ ಪರ್ಸಿನಲ್ಲಿಟ್ಟುಕೊಳ್ಳಬಹುದು. ಕಾರು ತೆರೆದರೆ ಅಸಲಿ ಕೀಲಿಕೈ ಒಳಗೇ ಸಿಗುತ್ತದೆ. ನಕಲು ಮಾಡಿಸುವಾಗ ಪರಿಚಿತ, ನಂಬಿಕಸ್ಥ ಅಂಗಡಿಯನ್ನೇ ಆರಿಸಿ.

ಇನ್ನು, ರಿಮೋಟಿನ ಬ್ಯಾಟರಿ ದುರ್ಬಲವಾದ ಸೂಚನೆ ಕಂಡ ಕೂಡಲೇ ಬದಲಿಸಿ. ಸ್ಮಾರ್ಟ್ ಕೀಯ ಹೊಟ್ಟೆಯೊಳಗೆ ಸಾಮಾನ್ಯವಾಗಿ ಒಂದು ತೆಳ್ಳನೆಯ ಲೋಹದ ಕೀಲಿಕೈ ಅಡಗಿರುತ್ತದೆ. ಬ್ಯಾಟರಿ ಸತ್ತಾಗ ಬಾಗಿಲು ತೆರೆಯಲು ಅದೇ ಆಸರೆ. ಅದನ್ನು ಹೊರತೆಗೆಯುವ ಬಗೆಯನ್ನು ಇಂದೇ ಒಮ್ಮೆ ನೋಡಿಕೊಳ್ಳಿ. ಮೊಬೈಲ್ ಆ್ಯಪ್‌ನಿಂದ ಬೀಗ ತೆರೆಯುವ ಸೌಲಭ್ಯವಿರುವ ಕಾರುಗಳೂ ಇವೆ. ಆದರೆ ಫೋನೂ ಕಾರಿನೊಳಗೇ ಉಳಿದರೆ, ಇಲ್ಲವೇ ನೆಟ್‌ವರ್ಕ್ ಸಿಗದ ಜಾಗದಲ್ಲಿ ಕಾರು ನಿಂತಿದ್ದರೆ ಅದನ್ನು ನೆಚ್ಚುವಂತಿಲ್ಲ.

ಒಳಗೆ ಯಾರೂ ಇಲ್ಲದಿದ್ದರೆ

ಗಾಬರಿ ಬೇಡ. ಡಿಕ್ಕಿಯೂ ಸೇರಿದಂತೆ ಎಲ್ಲ ಬಾಗಿಲುಗಳನ್ನು ಒಮ್ಮೆ ಎಳೆದು ನೋಡಿ. ಒಂದಾದರೂ ತೆರೆದಿರುವ ಸಾಧ್ಯತೆಯುಂಟು. ಬಳಿಕ ವಿಮೆಯ ಕಾಗದ ಅಥವಾ ಕಾರು ಕಂಪನಿಯ ಸಹಾಯವಾಣಿಯನ್ನು ನೆನಪಿಸಿಕೊಳ್ಳಿ. ರಸ್ತೆಬದಿ ನೆರವಿನ ಸೌಲಭ್ಯ ಪಡೆದಿದ್ದರೆ ಬೀಗ ತೆರೆಯುವ ಸೇವೆ ಸಾಮಾನ್ಯವಾಗಿ ಅದರಲ್ಲಿ ಸೇರಿರುತ್ತದೆ. ಆ ದೂರವಾಣಿ ಸಂಖ್ಯೆಯನ್ನು ಕಾರಿನ ಪೆಟ್ಟಿಗೆಯಲ್ಲಲ್ಲ, ಜೇಬಿನಲ್ಲಿ ಇಟ್ಟುಕೊಳ್ಳಬೇಕು.

ಕಿಟಕಿಯ ಗಾಜು ಮತ್ತು ರಬ್ಬರಿನ ನಡುವೆ ಸ್ಕೇಲು, ತಂತಿ ತೂರಿಸುವ ಸಾಹಸ ಬೇಡ. ಹಳೆಯ ಕಾರುಗಳಲ್ಲಿ ಅದು ನಡೆಯುತ್ತಿತ್ತು. ಈಗಿನ ಬಾಗಿಲುಗಳೊಳಗೆ ವಿದ್ಯುತ್ ತಂತಿಗಳು, ಪವರ್ ವಿಂಡೋ ಯಂತ್ರ, ಕೆಲವು ಕಾರುಗಳಲ್ಲಿ ಏರ್‌ಬ್ಯಾಗಿನ ಸಂವೇದಕವೂ ಇರುತ್ತವೆ. ಕುಶಲ ಕೆಲಸಗಾರರು ಬಾಗಿಲಿನ ಸಂದಿಗೆ ಗಾಳಿ ತುಂಬುವ ಪುಟ್ಟ ಚೀಲ ತೂರಿಸಿ, ಬಾಗಿಲನ್ನು ತುಸು ಸರಿಸಿ, ಉದ್ದನೆಯ ಸಲಾಕೆಯಿಂದ ಗುಂಡಿ ಒತ್ತುತ್ತಾರೆ. ಅದನ್ನು ಬಲ್ಲವರಿಗೇ ಬಿಡುವುದು ಲೇಸು.

ಮನೆಯಲ್ಲಿರುವವರು ರಿಮೋಟನ್ನು ಫೋನಿನ ಹತ್ತಿರ ಹಿಡಿದು ಒತ್ತಿದರೆ ದೂರದ ಕಾರು ತೆರೆಯುತ್ತದೆ ಎಂಬ ಸಂದೇಶ ವರ್ಷಗಳಿಂದ ಸುತ್ತುತ್ತಿದೆ. ಅದು ಶುದ್ಧ ಸುಳ್ಳು. ರಿಮೋಟ್ ಹೊರಡಿಸುವುದು ರೇಡಿಯೋ ತರಂಗವನ್ನು, ಫೋನು ಸಾಗಿಸುವುದು ಸದ್ದನ್ನು. ಟೆನಿಸ್ ಚೆಂಡಿಗೆ ತೂತು ಕೊರೆದು ಬೀಗದ ಕಿಂಡಿಗೆ ಒತ್ತುವ ಉಪಾಯವೂ ಅಷ್ಟೇ ಪೊಳ್ಳು.

ಒಳಗೆ ಮಗು ಇದ್ದರೆ

ಆಗ ಲೆಕ್ಕಾಚಾರವೇ ಬೇರೆ. ಒಬ್ಬರು ತಕ್ಷಣ 112ಕ್ಕೆ ಕರೆ ಮಾಡಲಿ. ಇನ್ನೊಬ್ಬರು ಮಗುವಿನೊಡನೆ ಮಾತನಾಡುತ್ತಾ, ಬೀಗ ತೆರೆಯುವ ಗುಂಡಿಯನ್ನು ಬೆರಳಿಟ್ಟು ತೋರಿಸಲಿ. ಒಂದೆರಡು ನಿಮಿಷದಲ್ಲಿ ಬಾಗಿಲು ತೆರೆಯದಿದ್ದರೆ, ಅಥವಾ ಮಗು ಬಳಲಿದಂತೆ, ಮಂಕಾದಂತೆ ಕಂಡರೆ, ಗಾಜು ಒಡೆಯಲು ಹಿಂಜರಿಯಬೇಡಿ.

ಮುಂದಿನ ದೊಡ್ಡ ಗಾಜಿಗೆ ಹೊಡೆಯಬೇಡಿ. ಎರಡು ಪದರಗಳ ನಡುವೆ ಹಾಳೆ ಅಂಟಿಸಿದ ಆ ಗಾಜು ಬಿರುಕು ಬಿಡುತ್ತದೆಯೇ ಹೊರತು ಬಿದ್ದುಹೋಗುವುದಿಲ್ಲ. ಪಕ್ಕದ ಬಾಗಿಲುಗಳ ಗಾಜು ಸಾಮಾನ್ಯವಾಗಿ ಹದಗೊಳಿಸಿದ ಗಾಜು. ಅದು ಒಡೆದರೆ ಹರಳುಗಳಂತೆ ಉದುರುತ್ತದೆ. ಮಗು ಕುಳಿತ ಜಾಗಕ್ಕೆ ಅತ್ಯಂತ ದೂರದ ಕಿಟಕಿಯನ್ನು ಆರಿಸಿ. ಗಾಜಿನ ನಡುವೆ ಹೊಡೆಯದೆ ಮೂಲೆಯ ಬಳಿ, ಪಕ್ಕದ ಪಂಕ್ಚರ್ ಅಂಗಡಿಯ ಸ್ಪ್ಯಾನರ್, ಸುತ್ತಿಗೆ ಅಥವಾ ಮೊನಚಾದ ಕಲ್ಲಿನಿಂದ ಬಲವಾಗಿ ಹೊಡೆಯಿರಿ. ಮುಖ ತಿರುಗಿಸಿಕೊಂಡು, ಕೈಗೆ ಟವೆಲ್ ಸುತ್ತಿಕೊಳ್ಳಿ.

ಮಗುವನ್ನು ನೆರಳಿಗೆ ತಂದು, ಬಟ್ಟೆ ಸಡಿಲಿಸಿ, ಮೈಗೆ ತಣ್ಣೀರು ಸವರಿ ಗಾಳಿ ಬೀಸಿ. ಎಚ್ಚರವಿಲ್ಲದ ಮಗುವಿನ ಬಾಯಿಗೆ ನೀರು ಹಾಕಕೂಡದು. ಚೇತರಿಸಿಕೊಂಡಂತೆ ಕಂಡರೂ 108 ಆಂಬುಲೆನ್ಸ್ ಕರೆಸಿ ವೈದ್ಯರಿಗೆ ತೋರಿಸುವುದು ಅಗತ್ಯ.

ಪರರ ಕಾರಿನ ಗಾಜು ಒಡೆದರೆ ಪೊಲೀಸ್ ಕೇಸು ಬಿದ್ದೀತೆಂಬ ಅಂಜಿಕೆ ಸಹಜ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 19ನೇ ಕಲಂ, ದುರುದ್ದೇಶವಿಲ್ಲದೆ, ಸದ್ಭಾವನೆಯಿಂದ, ದೊಡ್ಡ ಹಾನಿಯನ್ನು ತಪ್ಪಿಸಲು ಮಾಡಿದ ಕೃತ್ಯ ಅಪರಾಧವಲ್ಲ ಎನ್ನುತ್ತದೆ. ಹಳೆಯ ದಂಡ ಸಂಹಿತೆಯ 81ನೇ ಕಲಂ ಹೇಳುತ್ತಿದ್ದುದೂ ಇದನ್ನೇ. ಕರೆ ಮಾಡಿ, ನಾಲ್ಕು ಜನರ ಎದುರಿನಲ್ಲಿ, ಸಾಧ್ಯವಾದರೆ ಒಂದು ಚಿತ್ರ ತೆಗೆದು ಒಡೆದರೆ ಮುಂದೆ ಮಾತಿಗೆ ಸಾಕ್ಷಿಯಿರುತ್ತದೆ.

ಗಾಜಿಗೆ ಬೆಲೆಯಿದೆ, ಅದನ್ನು ಮತ್ತೆ ಹಾಕಿಸಬಹುದು. ದೇವದುರ್ಗಕ್ಕಾಗಲಿ ಮಾನ್ವಿಗಾಗಲಿ ನಾಳೆ ಹೊರಡುವವರು ಅಲಮಾರಿನಲ್ಲಿರುವ ಆ ಎರಡನೇ ಕೀಲಿಕೈಯನ್ನು ಇಂದು ರಾತ್ರಿಯೇ ಹೊರತೆಗೆದು, ಜೊತೆಗೆ ಬರುವವರ ಕೈಗೆ ಕೊಟ್ಟರೆ, ಗಾಜು ಒಡೆಯುವ ಪ್ರಸಂಗವೇ ಬಾರದಿರಬಹುದು.