ಹದಿನೈದು ವರ್ಷದ ಕೋಟೆ, ನಾನೂರು ವರ್ಷದ ಪಾಳು

ಜಪಾನಿನ ಹ್ಯೋಗೊ ಪ್ರಾಂತ್ಯದಲ್ಲಿ ಅಸಾಗೊ ಎಂಬ ಊರಿದೆ. 2013ರ ಸುಮಾರಿಗೆ ಒಂದೇ ವರ್ಷದಲ್ಲಿ ಐದು ಲಕ್ಷ ಜನ ಅಲ್ಲಿನ ಬೆಟ್ಟ ಹತ್ತಿ ತಾಕೆದಾ ಕೋಟೆ ನೋಡಿಕೊಂಡು ಹೋದರು. ತಮಾಷೆಯೆಂದರೆ ಅಲ್ಲಿ ನೋಡಲು ಗೋಪುರವಿಲ್ಲ, ಹೆಬ್ಬಾಗಿಲಿಲ್ಲ, ಒಂದು ಹಂಚಿನ ಮಾಡೂ ಇಲ್ಲ. 354 ಮೀಟರ್ ಎತ್ತರದ ನೆತ್ತಿಯ ಮೇಲೆ ಉತ್ತರದಿಂದ ದಕ್ಷಿಣಕ್ಕೆ ಸುಮಾರು 400 ಮೀಟರ್, ಪೂರ್ವದಿಂದ ಪಶ್ಚಿಮಕ್ಕೆ 100 ಮೀಟರ್ ಚಾಚಿಕೊಂಡ ಕಲ್ಲಿನ ಕಟ್ಟೆಗಳು, ಅವುಗಳ ನಡುವೆ ಹುಲ್ಲು, ಒಂದಷ್ಟು ಪೈನ್ ಮತ್ತು ಚೆರ್ರಿ ಮರಗಳು. ಇಷ್ಟೇ. ಇದಕ್ಕಿಂತ ದೊಡ್ಡ, ಇದಕ್ಕಿಂತ ಚೆಂದದ ಕೋಟೆಗಳು ಜಪಾನಿನಲ್ಲಿ ಬೇಕಾದಷ್ಟಿವೆ. ಹಾಗಿದ್ದೂ ಈ ಪಾಳು ಹೇಗೆ ಇಷ್ಟು ದೊಡ್ಡ ಹೆಸರಾಯಿತು? ಕಾಲ ಕಳೆದಂತೆ ಕಟ್ಟಡ ತಾನಾಗಿ ಪಾಳಾಗುತ್ತದೆ ಎಂದು ನಾವು ಸುಮ್ಮನೆ ನಂಬಿಬಿಡುತ್ತೇವೆ. ತಾಕೆದಾದ ಕಥೆ ಹಾಗಿಲ್ಲ. ಇಲ್ಲಿನ ಪಾಳನ್ನು ಒಬ್ಬರ ನಂತರ ಒಬ್ಬರು ಬಂದು ಮಾಡಿದ್ದಾರೆ, ಈಗಲೂ ಮಾಡುತ್ತಿದ್ದಾರೆ.

ಮೊದಲ ಕೋಟೆ 1441ರಿಂದ 1443ರ ನಡುವೆ ಎದ್ದಿತೆಂದು ಪ್ರತೀತಿ. ಕಟ್ಟಿಸಿದವನು ತಾಜಿಮಾ ಸೀಮೆಯ ದೊರೆ ಯಮಾನಾ ಸೋಜೆನ್. ಮುಂದೆ ಕ್ಯೋತೊ ನಗರವನ್ನೇ ಸುಟ್ಟು ಬೂದಿ ಮಾಡಿದ ಓನಿನ್ ಯುದ್ಧದಲ್ಲಿ ಒಂದು ಪಕ್ಷದ ನಾಯಕನಾದವನು ಇವನೇ. ತಾಕೆದಾವನ್ನು ಅವನು ಓತಗಾಕಿ ಎಂಬ ಸಾಮಂತ ಮನೆತನದ ಕೈಗೆ ಕೊಟ್ಟ. ಆಗ ಇಲ್ಲಿ ಕಲ್ಲಿನ ಗೋಡೆ ಇರಲಿಲ್ಲ. ಬೆಟ್ಟದ ತಲೆಯನ್ನು ಕಡಿದು ಮಟ್ಟ ಮಾಡಿ, ಮಣ್ಣಿನ ದಿಬ್ಬ ಏರಿಸಿ, ಮರದ ಬೇಲಿ ಹಾಕಿದ ಮಣ್ಣುಕೋಟೆ ಅದು. ಆ ಕಾಲದ ಬೆಟ್ಟದ ಕೋಟೆಗಳೆಲ್ಲ ಹೆಚ್ಚುಕಡಿಮೆ ಹೀಗೇ ಇದ್ದವು.

ಈ ಪುಟ್ಟ ಬೆಟ್ಟಕ್ಕಾಗಿ ಜನ ಹೊಡೆದಾಡಿದ್ದಕ್ಕೆ ಕಾರಣ ಬೆಟ್ಟದಲ್ಲಿರಲಿಲ್ಲ, ಅದರ ದಕ್ಷಿಣಕ್ಕಿರುವ ಇಕುನೊದಲ್ಲಿತ್ತು. ಅದು ಬೆಳ್ಳಿಯ ಗಣಿ. ಹದಿನಾರನೆಯ ಶತಮಾನದ ನಡುವಿನಿಂದ ಜೋರಾಗಿ ಅಗೆಯಲು ಶುರುವಾದ ಆ ಗಣಿ 1973ರಲ್ಲಿ ಬಾಗಿಲು ಹಾಕಿತು. ಇಕುನೊದಿಂದ ಹೊರಡುವ ದಾರಿಯ ಮೇಲೆ ಕಣ್ಣಿಡಬೇಕಾದರೆ ತಾಕೆದಾ ಬೆಟ್ಟ ಕೈಲಿರಬೇಕು. ಆ ಕಾಲದ ಬಲಾಢ್ಯ ದೊರೆ ಓದ ನೊಬುನಾಗನ ಸೇನಾಪತಿ ಹಿದೆಯೋಶಿ 1577ರಲ್ಲಿ ಪಡುವಣಕ್ಕೆ ದಂಡು ಹೊರಡಿಸಿದಾಗ ಅವನ ತಮ್ಮ ಹಿದೆನಾಗ ನೇರವಾಗಿ ಇಲ್ಲಿಗೇ ಬಂದ. 1580ರ ಹೊತ್ತಿಗೆ ತಾಜಿಮಾ ಪೂರ್ತಿ ಅವರ ಕೈಗೆ ಸಿಕ್ಕಿತು, ಓತಗಾಕಿಗಳ ಆಳ್ವಿಕೆ ಮುಗಿಯಿತು.

1585ರಲ್ಲಿ ಕೋಟೆ ಅಕಾಮತ್ಸು ಹಿರೊಹಿದೆ ಎಂಬ ಯುವಕನ ಪಾಲಾಯಿತು. ಇಂದು ನಾವು ಕಾಣುವ ಕಲ್ಲಿನ ಕಟ್ಟಡ ಇವನ ಕಾಲದ್ದು. ಇವನ ಸೀಮೆಯ ಹುಟ್ಟುವಳಿ 22,000 ಕೊಕು. ಒಬ್ಬ ಮನುಷ್ಯ ಒಂದು ವರ್ಷ ಉಣ್ಣುವಷ್ಟು ಅಕ್ಕಿಗೆ ಒಂದು ಕೊಕು ಎಂಬ ಲೆಕ್ಕ. ಆ ಕಾಲದ ದೊರೆಗಳ ಸಾಲಿನಲ್ಲಿ ಇವನು ಬಲು ಸಣ್ಣವನು, ಇಂಥ ಕಲ್ಲಿನ ಕೋಟೆ ಕಟ್ಟಿಸುವ ತಾಕತ್ತು ಅವನ ಬೊಕ್ಕಸಕ್ಕೆ ಇರಲಾರದು. ಹಾಗಾಗಿ, ಅಷ್ಟರಲ್ಲಿ ಇಡೀ ಜಪಾನಿನ ಒಡೆಯನಾಗಿದ್ದ ಹಿದೆಯೋಶಿಯೇ ಇಕುನೊ ಬೆಳ್ಳಿಯ ಕಾವಲಿಗೆಂದು ಇದರ ಹಿಂದೆ ನಿಂತಿರಬೇಕು ಎಂಬುದು ವಿದ್ವಾಂಸರು ಸಾಮಾನ್ಯವಾಗಿ ಹೇಳುವ ಮಾತು. ದುಡ್ಡು ಯಾರದ್ದಾದರೂ ಆಗಲಿ, ಬೆವರು ಮಾತ್ರ ಊರವರದ್ದು. ಬಿಟ್ಟಿ ದುಡಿಮೆಗೆ ಜನರನ್ನು ಎಳೆದೊಯ್ದದ್ದರಿಂದ ಗದ್ದೆಗಳು ಬೀಳುಬಿದ್ದು ಅವುಗಳಲ್ಲಿ ಪೈನ್ ಗಿಡಗಳು ಹುಟ್ಟಿದವು ಎಂಬ ಮಾತು ಆ ಕಡೆ ಉಳಿದುಬಂದಿದೆ.

ಗೋಡೆಯ ಹತ್ತಿರ ನಿಂತು ನೋಡಬೇಕು. ಅದು ಕಾಡುಗಲ್ಲಿನ ಕಟ್ಟಡ. ಬೆಟ್ಟದಲ್ಲಿ ಸಿಕ್ಕ ಕಲ್ಲನ್ನು ಉಳಿಯಿಂದ ಕೆತ್ತಿ ಚೌಕ ಮಾಡದೆ, ಅದಿದ್ದ ಆಕಾರದಲ್ಲೇ, ಗಾರೆಯ ಹಂಗಿಲ್ಲದೆ ಒಂದರ ಮೇಲೊಂದು ಕೂರಿಸಿದ್ದಾರೆ. ಬಿವಾ ಸರೋವರದ ಪಕ್ಕ, ಹಿಯೇ ಬೆಟ್ಟದ ಬುಡದಲ್ಲಿರುವ ಅನೋ ಎಂಬ ಹಳ್ಳಿಯವರ ಕಸುಬಿದು. ಬೆಟ್ಟದ ಮೇಲಿನ ಎನ್ರ್ಯಾಕುಜಿ ಬೌದ್ಧ ಮಠಕ್ಕೆ ಕಲ್ಲುಕೆಲಸ ಮಾಡಿಕೊಂಡಿದ್ದ ಇವರಿಗೆ, 1576ರಲ್ಲಿ ನೊಬುನಾಗ ತನ್ನ ಅಜುಚಿ ಕೋಟೆ ಶುರು ಮಾಡಿದ ಮೇಲೆ ದೇಶದ ಮೂಲೆಮೂಲೆಯಿಂದ ಕರೆ ಬಂತು. ಕಲ್ಲಿನ ಅಗಲದ ಮುಖವನ್ನು ಹೊರಗಿಟ್ಟು ಮೆರೆಸುವುದು ಇವರ ಪದ್ಧತಿಯಲ್ಲ. ಕಿರಿದಾದ ತುದಿ ಹೊರಕ್ಕೆ, ಉದ್ದದ ಬಾಲ ಗೋಡೆಯ ಒಳಕ್ಕೆ. ಕಲ್ಲಿಗೆ ಕಲ್ಲು ತಾಗುವುದು ಹೊರ ಅಂಚಿನಲ್ಲಲ್ಲ, ಸ್ವಲ್ಪ ಒಳಗೆ. ಮೇಲಿನ ಭಾರ ಬಿದ್ದಷ್ಟೂ ಕಲ್ಲು ಒಳಮುಖವಾಗಿ ಒತ್ತಿಕೊಳ್ಳುತ್ತದೆ. ಗೋಡೆಯ ಬೆನ್ನಿಗೆ ಮುಷ್ಟಿಗಾತ್ರದ ಗುಂಡುಕಲ್ಲುಗಳ ದಪ್ಪ ಪದರ. ಮಳೆನೀರು ಮಣ್ಣಿನಲ್ಲಿ ನಿಂತು ಗೋಡೆಯನ್ನು ಉಬ್ಬಿಸದೆ ಈ ಸಂದುಗಳಲ್ಲಿ ಇಳಿದು ಹೋಗುತ್ತದೆ. ಮೂಲೆಗಳಲ್ಲಿ ಮಾತ್ರ ಉದ್ದಗಲ್ಲುಗಳನ್ನು ಆರಿಸಿ, ಒಂದು ವರಸೆ ಈ ಕಡೆಗೆ, ಮುಂದಿನದು ಆ ಕಡೆಗೆ ಚಾಚುವಂತೆ ಹೆಣೆದಿದ್ದಾರೆ. ದೂರದಿಂದ ಒರಟಾಗಿ, ಅವಸರದಲ್ಲಿ ಒಟ್ಟಿದಂತೆ ಕಾಣುವ ಗೋಡೆ ನಾನೂರು ವರ್ಷ ಮಳೆ, ಹಿಮ, ಭೂಕಂಪ ತಡೆದು ನಿಂತದ್ದರ ಗುಟ್ಟು ಆ ಒರಟುತನದಲ್ಲೇ ಇದೆ. ನುಣ್ಣಗೆ ಕೆತ್ತಿ ಸಂದಿಲ್ಲದೆ ಜೋಡಿಸಿದ ನಂತರದ ಕಾಲದ ಗೋಡೆಗಳಿಗಿಂತ ನನಗೆ ಇದೇ ಹೆಚ್ಚು ಮೆಚ್ಚುಗೆ.

ಅಕಾಮತ್ಸು ಕೋಟೆಗಿಂತ ಪುಸ್ತಕ ಪ್ರೀತಿಸಿದವನು. ಹಿದೆಯೋಶಿಯ ಸೈನ್ಯ ಕೊರಿಯಾದ ಮೇಲೆ ಎರಡನೆಯ ಸಲ ದಂಡೆತ್ತಿ ಹೋದಾಗ, 1597ರಲ್ಲಿ, ಕಾಂಗ್ ಹಾಂಗ್ ಎಂಬ ಕೊರಿಯಾದ ವಿದ್ವಾಂಸ ಸಂಸಾರ ಸಮೇತ ಸೆರೆಸಿಕ್ಕು ಜಪಾನಿಗೆ ಬಂದ. ಕ್ಯೋತೊ ಬಳಿಯ ಫುಶಿಮಿಯಲ್ಲಿ ಅವನಿಗೆ ಫುಜಿವಾರಾ ಸೇಕಾ ಎಂಬ ಜಪಾನಿ ಪಂಡಿತನ ಗೆಳೆತನವಾಯಿತು. ಮುಂದೆ ಜಪಾನಿನಲ್ಲಿ ಬೇರೂರಿದ ಕನ್‌ಫ್ಯೂಶಿಯನ್ ವಿದ್ಯೆಗೆ ಅಡಿಪಾಯ ಹಾಕಿದವರಲ್ಲಿ ಈ ಸೇಕಾ ಮೊದಲಿಗ. ಇಬ್ಬರಿಗೂ ಪೋಷಕನಾಗಿ ನಿಂತವನು ತಾಕೆದಾದ ದೊರೆ. ಸೆರೆಯಾಳುಗಳ ಕೈಯಲ್ಲಿ ಪ್ರಾಚೀನ ಗ್ರಂಥಗಳ ಪ್ರತಿ ಬರೆಸಿ, ಅದಕ್ಕೆ ಹಣ ಕೊಟ್ಟು, ಅವರು ಊರಿಗೆ ಮರಳಲು ದಾರಿಖರ್ಚು ಕೂಡಿಸಿಕೊಳ್ಳಲು ನೆರವಾದ. 1600ರಲ್ಲಿ ಕಾಂಗ್ ಹಾಂಗ್ ತನ್ನ ದೇಶ ಸೇರಿದ. ಅವನ ಸೆರೆವಾಸದ ಬರಹದಲ್ಲಿ ಜಪಾನಿನ ದೊರೆಗಳ ಬಗ್ಗೆ ಒಳ್ಳೆಯ ಮಾತು ಅಪರೂಪ, ಅಕಾಮತ್ಸುವಿನ ಬಗ್ಗೆ ಮಾತ್ರ ಇದೆ.

ಅದೇ ವರ್ಷದ ಶರತ್ಕಾಲದಲ್ಲಿ ಸೆಕಿಗಹಾರಾ ಯುದ್ಧ ನಡೆಯಿತು. ಹಿದೆಯೋಶಿ ಸತ್ತ ಮೇಲೆ ದೇಶ ಯಾರದು ಎಂಬುದು ತೀರ್ಮಾನವಾದ ಯುದ್ಧ ಇದು. ಅಕಾಮತ್ಸು ಸೋಲುವ ಪಕ್ಷದಲ್ಲಿದ್ದ, ತಾನಾಬೆ ಕೋಟೆಯ ಮುತ್ತಿಗೆಗೆ ಹೋಗಿದ್ದ. ಸೋಲಿನ ಸುದ್ದಿ ತಿಳಿದದ್ದೇ ಗೆದ್ದ ತೊಕುಗಾವಾ ಪಕ್ಷಕ್ಕೆ ಜಿಗಿದು, ಕಾಮೇಯಿ ಕೊರೆನೊರಿ ಎಂಬ ದೊರೆಯ ಜೊತೆಗೂಡಿ ತೊತ್ತೊರಿ ಕೋಟೆಯ ಮೇಲೆ ಬಿದ್ದ. ಪಕ್ಷ ಬದಲಿಸಿದವರು ಅಂದು ಬೇಕಾದಷ್ಟು ಜನ, ಹಲವರು ಬದುಕಿಕೊಂಡರು. ಇವನ ಹಣೆಬರಹ ಕೈಕೊಟ್ಟಿತು. ತೊತ್ತೊರಿಯ ದಾಳಿಯಲ್ಲಿ ಕೋಟೆಯ ಕೆಳಗಿನ ಪೇಟೆ ಸುಟ್ಟುಹೋಯಿತು, ಬೆಂಕಿ ಇಟ್ಟ ಆರೋಪ ಅಕಾಮತ್ಸುವಿನ ತಲೆಗೆ ಬಂತು. ತಪ್ಪನ್ನು ಜೊತೆಗಾರ ಇವನ ಮೇಲೆ ಹೊರಿಸಿ ಪಾರಾದ ಎಂಬ ಗುಮಾನಿ ಇಂದಿಗೂ ಇದೆ. ತೊಕುಗಾವಾ ಇಯೆಯಾಸು ಹೊಟ್ಟೆ ಬಗಿದುಕೊಂಡು ಸಾಯಲು ಅಪ್ಪಣೆ ಮಾಡಿದ. ಮೂವತ್ತೊಂಬತ್ತರ ಅಕಾಮತ್ಸು ತೊತ್ತೊರಿಯ ಒಂದು ದೇಗುಲದಲ್ಲಿ ಪ್ರಾಣ ಬಿಟ್ಟ. ಅವನ ಅಗಲಿಕೆಗೆ ಸೇಕಾ ಶೋಕಪದ್ಯಗಳನ್ನು ಬರೆದ. ಕೋಟೆಗೆ ಮತ್ತೆ ದೊರೆ ಬರಲಿಲ್ಲ.

ಅಂದರೆ ಆ ಕಲ್ಲಿನ ಗೋಡೆಗಳು ಕೋಟೆಯಾಗಿ ಬಾಳಿದ್ದು ಹೆಚ್ಚೆಂದರೆ ಹದಿನೈದು ವರ್ಷ. ಇದೇ ಯುದ್ಧದ ಇನ್ನೊಂದು ಫಲ ನೋಡಬೇಕಾದರೆ ರೈಲಿನಲ್ಲಿ ದಕ್ಷಿಣಕ್ಕೆ ಹಿಮೇಜಿವರೆಗೆ ಹೋದರೆ ಸಾಕು. ಗೆದ್ದ ಪಕ್ಷದ ಇಕೆದಾ ತೆರುಮಾಸಾನಿಗೆ ಇಯೆಯಾಸು ಐದು ಲಕ್ಷ ಕೊಕುವಿನ ಸೀಮೆ ಕೊಟ್ಟ, ಅವನು 1601ರಿಂದ 1609ರೊಳಗೆ ಹಿಮೇಜಿ ಕೋಟೆಯ ಬೆಳ್ಳಗಿನ ಮಹಾಗೋಪುರ ಎಬ್ಬಿಸಿದ. 1993ರಲ್ಲಿ ಅದು ವಿಶ್ವ ಪರಂಪರೆಯ ಪಟ್ಟಿ ಸೇರಿತು.

ತಾಕೆದಾ ತೀರ ಬೇಗ ಪಾಳುಬಿದ್ದದ್ದೇ ಅದರ ಪುಣ್ಯವಾಯಿತು ಎನ್ನಬೇಕು. 1615ರಲ್ಲಿ ತೊಕುಗಾವಾ ಸರ್ಕಾರ ಒಂದು ಸೀಮೆಗೆ ಒಂದೇ ಕೋಟೆ ಎಂದು ಕಟ್ಟಳೆ ಮಾಡಿ ನೂರಾರು ಕೋಟೆಗಳನ್ನು ಕೆಡವಿಸಿತು. ದೊರೆತನಗಳು ರದ್ದಾದ ಮೇಲೆ ಮೇಜಿ ಸರ್ಕಾರ 1873ರಲ್ಲಿ ಇನ್ನೊಂದು ಆಜ್ಞೆ ಹೊರಡಿಸಿತು, ಉಳಿದ ಕೋಟೆಗಳೂ ಹರಾಜಿಗೆ ಬಂದವು. ಹಳೆಯ ಕಾಲದ ಗೋಪುರ ಇಂದು ಉಳಿದಿರುವುದು ದೇಶದಲ್ಲಿ ಹನ್ನೆರಡು ಕಡೆ ಮಾತ್ರ. ಊರೊಳಗಿನ ಕೋಟೆಗಳ ಕಲ್ಲು ಎಷ್ಟೋ ಕಡೆ ಬೇರೆ ಕೆಲಸಕ್ಕೆ ಸಾಗಿತು. ಬೆಟ್ಟದ ಮೇಲಿನ ಈ ಕಲ್ಲನ್ನು ಹೊತ್ತು ಇಳಿಸುವ ಉಸಾಬರಿ ಯಾರಿಗೂ ಬೇಡವಾಗಿತ್ತು, ಕಾಡು ಅದನ್ನು ಮುಚ್ಚಿಟ್ಟುಕೊಂಡಿತು. 1943ರಲ್ಲಿ ಸರ್ಕಾರ ಇದನ್ನು ರಾಷ್ಟ್ರೀಯ ಐತಿಹಾಸಿಕ ತಾಣವೆಂದು ಘೋಷಿಸಿತು. 1970ರ ದಶಕದಲ್ಲಿ ಜರಿದುಬಿದ್ದ ಗೋಡೆಗಳನ್ನು ಮತ್ತೆ ಕಟ್ಟಲಾಯಿತು. ಆದ್ದರಿಂದ ಪ್ರವಾಸಿಗರು ಅಕಾಮತ್ಸುವಿನ ಕಾಲದ್ದೆಂದು ಕೈಯಾಡಿಸುವ ಕಲ್ಲುಗಳಲ್ಲಿ ಕೆಲವು ಈಗಿನವರ ಅಪ್ಪಂದಿರ ಕಾಲದಲ್ಲಿ ಮರಳಿ ಕೂತವು.

ಅಲ್ಲಿಂದ ಮುಂದೆ ಸಿನಿಮಾ ಕೈಹಾಕಿತು. 1990ರಲ್ಲಿ ತೆರೆಕಂಡ ‘ತೆನ್ ತೊ ಚಿ ತೊ’ ಎಂಬ ಭಾರಿ ಯುದ್ಧಚಿತ್ರಕ್ಕಾಗಿ ನಿರ್ದೇಶಕ ಕಾದೊಕಾವಾ ಹರುಕಿ ಈ ಪಾಳಿನ ಮೇಲೆ ಕೋಟೆಯ ಸೆಟ್ ಹಾಕಿಸಿದ. ಕಾಳಗದ ದೃಶ್ಯ ತೆಗೆಯಲು ಅದೇ ತಂಡ ಕೆನಡಾಕ್ಕೆ ಹೋಯಿತು, ಜಪಾನಿನಲ್ಲಿ ಅಷ್ಟು ಖಾಲಿ ಬಯಲು ಸಿಗಲಿಲ್ಲವೇನೋ! 2012ರಲ್ಲಿ ಬಂದ ‘ಅನಾತಾ ಎ’ ಚಿತ್ರದಲ್ಲಿ ತಾಕಾಕುರಾ ಕೆನ್ ಅಭಿನಯಿಸಿದ ನಾಯಕನ ಮಡದಿ ಈ ಕಲ್ಲುಗಳ ನಡುವೆ ನಿಂತು ಹಾಡುತ್ತಾಳೆ. ಜಪಾನಿಗರು ಮನೆಮಗನಂತೆ ಕಂಡ ಆ ನಟನ ಕೊನೆಯ ಚಿತ್ರ ಅದು. ಜನ ಬರಲು ಇಷ್ಟು ಸಾಕಿತ್ತು.

ಆದರೆ ಸಿನಿಮಾಕ್ಕಿಂತ ಹೆಚ್ಚು ಕೆಲಸ ಮಾಡಿದ್ದು ಮಂಜು. ಬೆಟ್ಟದ ಬುಡದಲ್ಲಿ ಮಾರುಯಾಮಾ ಹೊಳೆ ಹರಿಯುತ್ತದೆ. ಸೆಪ್ಟೆಂಬರ್ ಕೊನೆಯಿಂದ ಡಿಸೆಂಬರ್ ಆರಂಭದವರೆಗೆ, ಮೋಡವಿಲ್ಲದ, ಗಾಳಿಯಿಲ್ಲದ ರಾತ್ರಿಗಳಲ್ಲಿ ನೆಲದ ಕಾವು ಆಕಾಶಕ್ಕೆ ಹಾರಿಹೋಗಿ ಕಣಿವೆಯ ಗಾಳಿ ಥಟ್ಟನೆ ತಣ್ಣಗಾಗುತ್ತದೆ. ಹೊಳೆಯ ನೀರು ಇನ್ನೂ ಬೆಚ್ಚಗಿರುವುದರಿಂದ ಅದರಿಂದೆದ್ದ ತೇವ ಮಂಜಾಗಿ ಕಣಿವೆ ತುಂಬುತ್ತದೆ. ಬೆಳಗಿನ ಎಂಟರವರೆಗೂ ಅದು ಅಲ್ಲೇ ಮಲಗಿರುತ್ತದೆ, ಮೇಲೆ ಕೋಟೆಯ ಕಟ್ಟೆಗಳಷ್ಟೇ ತೇಲುತ್ತವೆ. ಸ್ಥಳೀಯ ಛಾಯಾಗ್ರಾಹಕರು ಹಿಡಿದ ಈ ಚಿತ್ರಗಳು ಕ್ಯಾಲೆಂಡರಿಗೂ ಟಿ.ವಿ.ಗೂ ಅಂತರ್ಜಾಲಕ್ಕೂ ಹರಿದವು. ‘ಆಕಾಶದ ಕೋಟೆ’ ಎಂಬ ಬಿರುದು ಅಂಟಿತು. ನಿರ್ದೇಶಕ ಮಿಯಾಝಾಕಿಯ 1986ರ ಆ್ಯನಿಮೇಶನ್ ಚಿತ್ರದ ಹೆಸರಲ್ಲೂ ಇದೇ ಮಾತಿದ್ದುದರಿಂದ ಜನರ ನಾಲಿಗೆಯ ಮೇಲೆ ಅದು ಸಲೀಸಾಗಿ ನಿಂತಿತು. ‘ಜಪಾನಿನ ಮಾಚು ಪಿಚು’ ಎಂದೂ ಕರೆಯುತ್ತಾರೆ. ಬೆಳ್ಳಿಯ ಗಣಿ, ಸೆರೆಯಾಳು ಪಂಡಿತ, ಹೊಟ್ಟೆ ಬಗಿದುಕೊಂಡ ದೊರೆ ಇಷ್ಟೆಲ್ಲ ಸ್ವಂತ ಆಸ್ತಿ ಇರುವ ಕೋಟೆಗೆ ಪೆರುವಿನಿಂದ ಹೆಸರು ಕಡ ತರುವ ದರ್ದು ಏನಿತ್ತೋ ಗೊತ್ತಿಲ್ಲ. ತಾಕೆದಾದ ದೆಸೆ ನೋಡಿ ಬಿಚ್ಚೂ ಮತ್ಸುಯಾಮಾ, ಎಚಿಜೆನ್ ಓನೊ ಕೋಟೆಗಳೂ ಈಗ ಆಕಾಶದ ಪಟ್ಟಕ್ಕೆ ಪೈಪೋಟಿ ನಡೆಸುತ್ತಿವೆ.

ಹಿಂದೆ ಕಡಿಮೆ ಜನ ಹತ್ತುತ್ತಿದ್ದ ಬೆಟ್ಟಕ್ಕೆ ಲಕ್ಷಗಟ್ಟಲೆ ಕಾಲು ಬಿದ್ದಾಗ ಮೊದಲು ಹೋದದ್ದು ಹುಲ್ಲು. ಹುಲ್ಲು ಹೋದ ಮೇಲೆ ಮಳೆಗೆ ಮೇಲ್ಮಣ್ಣು ಕೊಚ್ಚಿಹೋಯಿತು, ಮರದ ಬೇರುಗಳು ಹೊರಬಿದ್ದವು, ನೆಲದಡಿ ಹುದುಗಿದ್ದ ಹಳೆಯ ಹಂಚಿನ ಚೂರುಗಳು ಮೇಲೆ ಬಂದು ಬೂಟುಗಾಲಿಗೆ ಸಿಕ್ಕವು. ಗೋಡೆಯ ಅಂಚಿನಿಂದ ಬಿದ್ದು ಪೆಟ್ಟುಮಾಡಿಕೊಂಡವರೂ ಇದ್ದಾರೆ. ಯುದ್ಧಗಳು ಮಾಡದ ಹಾನಿಯನ್ನು ನೋಡಬಂದವರು ಮಾಡತೊಡಗಿದರು. 2013ರ ಅಕ್ಟೋಬರಿನಲ್ಲಿ ನಗರಸಭೆ ಪ್ರವೇಶ ಶುಲ್ಕ ಹಾಕಿತು, ಆ ಚಳಿಗಾಲದಲ್ಲಿ ಕೋಟೆಯನ್ನೇ ಮುಚ್ಚಿ ನೆಲ ದುರಸ್ತಿ ಮಾಡಿಸಿತು. ಈಗ ನಡೆಯುವ ದಾರಿಗೆ ಹಾಸು ಹಾಸಿದ್ದಾರೆ, ಅಂಚಿಗೆ ಹಗ್ಗ ಕಟ್ಟಿದ್ದಾರೆ, ಒಳಗೆ ಒಮ್ಮುಖ ಸಂಚಾರ. ಮುಕ್ತವಾಗಿ ಅಲೆದಾಡಿದ ಹಳಬರಿಗೆ ಇದು ಹಿಡಿಸಿಲ್ಲ. ನನಗಂತೂ ಬೇರೆ ಉಪಾಯ ತೋಚುವುದಿಲ್ಲ. ಕಾಲಿಗೆ ಸಿಗುವ ಒಂದೊಂದು ಹಂಚಿನ ಚೂರೂ ಈ ಕೋಟೆಯ ಮೇಲೆ ಒಮ್ಮೆ ಮಾಡು ಇತ್ತೆಂಬುದಕ್ಕೆ ಉಳಿದಿರುವ ಸಾಕ್ಷಿ.

ಹೋಗುವವರು ಹಿಮೇಜಿಯಿಂದ ಬಾನ್‌ತಾನ್ ಮಾರ್ಗದ ರೈಲು ಹಿಡಿದು, ತೆರಾಮಾಯೆಯಲ್ಲಿ ಬದಲಿಸಿ ತಾಕೆದಾ ನಿಲ್ದಾಣದಲ್ಲಿ ಇಳಿಯಬೇಕು. ನಿಲ್ದಾಣದ ಬೆನ್ನಿಗೇ ದೇಗುಲಗಳ ಸಾಲು, ಮುಂದೆ ಬಣ್ಣದ ಮೀನು ಆಡುವ ಸಣ್ಣ ಕಾಲುವೆ. ಆ ಸಾಲಿನ ಹೋಜುಜಿ ದೇಗುಲದಲ್ಲಿ ಅಕಾಮತ್ಸುವಿನ ಸ್ಮಾರಕ ಕಲ್ಲಿದೆ. ಅಲ್ಲಿಂದ ಕಡಿದಾದ ಕಾಲುದಾರಿಯಲ್ಲಿ ಮುಕ್ಕಾಲು ಗಂಟೆ ಹತ್ತಿದರೆ ಕೋಟೆ. ಮಂಜಿನ ತಿಂಗಳುಗಳಲ್ಲಿ ನಸುಕಿನ ನಾಲ್ಕಕ್ಕೇ ಬಾಗಿಲು ತೆರೆಯುತ್ತಾರೆ, ಕಡು ಚಳಿಗಾಲದಲ್ಲಿ ಪ್ರವೇಶವಿಲ್ಲ. ಒಂದು ಮಾತು ತಿಳಿದಿರಲಿ. ಕೋಟೆ ತೇಲುವುದು ಕಾಣಬೇಕಾದರೆ ಕೋಟೆಯಲ್ಲಿ ಇರಬಾರದು, ಹೊಳೆಯಾಚೆ ಅಸಾಗೊ ಬೆಟ್ಟದ ಮಗ್ಗುಲಿನ ರಿತ್ಸುಉನ್‌ಕ್ಯೊಗೆ ಹೋಗಬೇಕು. ಇದು ತಿಳಿಯದೆ ಕತ್ತಲಲ್ಲೇ ಕೋಟೆ ಹತ್ತಿ ಕೂತವರಿಗೆ ಕಾಲಡಿಯಲ್ಲಿ ಮಂಜಿನ ಕಡಲು ಕಂಡೀತು, ಮಂಜು ಏರಿಬಂದರೆ ಪಕ್ಕದಲ್ಲಿ ನಿಂತವರೂ ಕಾಣರು. ಎರಡೂ ಬೇಕೆನ್ನುವವರು ನಸುಕಿಗೆ ರಿತ್ಸುಉನ್‌ಕ್ಯೊ ಮುಗಿಸಿಕೊಂಡು, ಎಂಟರ ಮೇಲೆ ಕೋಟೆಗೆ ಬರುವುದು ಲೇಸು. ಗೋಡೆಯ ಮೂಲೆಗಲ್ಲುಗಳನ್ನು ನೋಡಲು ಹೇಗೂ ಬಿಸಿಲು ಬೇಕು.