ಕೆಂಪು ಗೋಬಿ, ಓದಲಾಗದ ಲೇಬಲ್ಲು

2024ರ ಮಾರ್ಚ್ 11ರಂದು ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಬೆಂಗಳೂರಿನಲ್ಲಿ ಒಂದಷ್ಟು ಅಂಕಿಗಳನ್ನು ನಾಡಿನ ಮುಂದಿಟ್ಟರು. ರಾಜ್ಯದ ನಾನಾ ಕಡೆಯಿಂದ ತಂದು ಪರೀಕ್ಷಿಸಿದ 171 ಗೋಬಿ ಮಂಚೂರಿ ಮಾದರಿಗಳಲ್ಲಿ 107ರಲ್ಲಿ ಹಾಕಬಾರದ ಬಣ್ಣ ಸಿಕ್ಕಿತ್ತು. ಬಾಂಬೆ ಮಿಠಾಯಿಯ 25 ಮಾದರಿಗಳಲ್ಲಿ 15 ಅಸುರಕ್ಷಿತವಾಗಿದ್ದವು. ಈ ಎರಡೂ ತಿನಿಸುಗಳಿಗೆ ಕೃತಕ ಬಣ್ಣ ಹಾಕುವುದನ್ನು ಸರ್ಕಾರ ಅಂದೇ ನಿಷೇಧಿಸಿತು. ಜೂನ್‌ನಲ್ಲಿ ಕಬಾಬಿನ ಸರದಿ ಬಂತು. 39 ಮಾದರಿಗಳಲ್ಲಿ 8 ಕೆಟ್ಟವೆಂದು ಗೊತ್ತಾಗಿ ಅಲ್ಲಿಯೂ ಬಣ್ಣಕ್ಕೆ ತಡೆ ಬಿತ್ತು. ಅದೇ ವರ್ಷ ಕೇಕ್‌ಗಳನ್ನು ಪರೀಕ್ಷಿಸಿದಾಗ 235ರಲ್ಲಿ 12 ಸಿಕ್ಕಿಬಿದ್ದವು. 2025ರ ಫೆಬ್ರುವರಿಯಲ್ಲಿ ಇಡ್ಲಿಯ ಸುದ್ದಿ. ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಹಾಸಿ ಇಡ್ಲಿ ಬೇಯಿಸುವ 52 ಹೋಟೆಲುಗಳು ಪತ್ತೆಯಾದವು.

ಈ ಸುದ್ದಿಗಳು ಬೆಂಗಳೂರಿನಿಂದ ಹೊರಟರೂ ತಿನಿಸುಗಳು ಎಲ್ಲ ಊರಿನವು. ಬೀದರ್ ಜಿಲ್ಲೆಯ ಹುಮನಾಬಾದ್ ತಾಲ್ಲೂಕಿನ ಹುಡಗಿ ಎಂಬ ಹಳ್ಳಿಯನ್ನೇ ನೋಡಿ. ಹೈದರಾಬಾದ್–ಸೊಲ್ಲಾಪುರ ಹೆದ್ದಾರಿಯ ಸೀಮೆಯ ಊರು ಇದು. ಒಂದು ಕಡೆ ಹುಮನಾಬಾದಿನ ಪೇಟೆ, ಇನ್ನೊಂದು ಕಡೆ ಬಸವಕಲ್ಯಾಣ. ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆಗೂ ಮಾಣಿಕನಗರದ ದತ್ತ ಜಯಂತಿಗೂ ಸುತ್ತಲ ಹಳ್ಳಿಗಳ ಜನ ಮಕ್ಕಳನ್ನು ಕರೆದುಕೊಂಡು ಬರುತ್ತಾರೆ. ಮಕ್ಕಳ ಕೈಗೆ ಏನು ಕೊಡುತ್ತಿದ್ದೇವೆ ಎಂಬ ಪ್ರಶ್ನೆ ಇಲ್ಲಿಯ ತಂದೆತಾಯಿಗೂ ಬೆಂಗಳೂರಿನವರಷ್ಟೇ ಹತ್ತಿರದ್ದು.

ಆದರೆ ಆ ಪ್ರಶ್ನೆಗೆ ಉತ್ತರ ಹುಡುಕುವುದು ಇಲ್ಲಿ ಹೆಚ್ಚು ಕಷ್ಟ. ಅದು ಯಾಕೆಂದು ತಿಳಿಯಲು ಮೊದಲು ಬಣ್ಣದ ಕಥೆ ತಿಳಿಯಬೇಕು.

ಪತ್ತೆಯಾದ ಬಣ್ಣಗಳೆಲ್ಲ ಒಂದೇ ಬಗೆಯವಲ್ಲ. ಬಾಂಬೆ ಮಿಠಾಯಿಗೆ ಗುಲಾಬಿ ಹೊಳಪು ಕೊಡುವ ರೋಡಮಿನ್-ಬಿ ಬಟ್ಟೆ, ಕಾಗದ, ಚರ್ಮಕ್ಕೆ ಹಾಕುವ ಬಣ್ಣ. ಅದನ್ನು ಯಾವ ಆಹಾರಕ್ಕೂ, ಎಷ್ಟು ಸಣ್ಣ ಪ್ರಮಾಣದಲ್ಲೂ ಹಾಕುವಂತಿಲ್ಲ. ಟಾರ್ಟ್ರಜಿನ್, ಸನ್‌ಸೆಟ್ ಯೆಲ್ಲೊ, ಕಾರ್ಮೊಯ್ಸಿನ್ ಹಾಗಲ್ಲ. ಭಾರತದ ಕಾನೂನು ಆಹಾರಕ್ಕೆ ಒಪ್ಪಿದ ಎಂಟು ಕೃತಕ ಬಣ್ಣಗಳಲ್ಲಿ ಇವೂ ಸೇರಿವೆ. ಐಸ್‌ಕ್ರೀಮು, ಬಿಸ್ಕತ್ತು, ಕೆಲವು ಸಿಹಿತಿಂಡಿಗಳಲ್ಲಿ ಇವುಗಳನ್ನು ಬಳಸಬಹುದು. ಮಿತಿ ಸಾಮಾನ್ಯವಾಗಿ ಒಂದು ಕಿಲೋ ತಿನಿಸಿಗೆ 100 ಮಿಲಿಗ್ರಾಂ. ಒಂದು ಚಿಟಿಕೆ ಉಪ್ಪು ಇದಕ್ಕಿಂತ ಹೆಚ್ಚು ತೂಗುತ್ತದೆ. ಕಾರ್ಖಾನೆಯಲ್ಲಿ ಇಷ್ಟನ್ನು ಅಳೆಯಲು ಯಂತ್ರವಿರುತ್ತದೆ. ತಳ್ಳುಗಾಡಿಯ ಮೇಲೆ ಚಮಚದ ತುದಿಯೇ ಅಳತೆ. ಅಷ್ಟಕ್ಕೂ ಗೋಬಿಗೆ, ಕಬಾಬಿಗೆ ಈ ಬಣ್ಣ ಹಾಕಲು ಅನುಮತಿಯೇ ಇಲ್ಲ. ಡಬ್ಬಿಯ ಮೇಲೆ ‘ಆಹಾರ ಬಣ್ಣ’ ಎಂದು ಬರೆದಿದ್ದನ್ನು ನೋಡಿ ಎಲ್ಲದಕ್ಕೂ ಹಾಕಬಹುದು ಎಂದುಕೊಂಡ ಎಷ್ಟೋ ವ್ಯಾಪಾರಿಗಳು ತಪ್ಪೆಂದು ಗೊತ್ತಿಲ್ಲದೆಯೇ ತಪ್ಪು ಮಾಡುತ್ತಿದ್ದಾರೆ.

ಕೆಂಪು ಬೇಕಾದರೆ ನಮ್ಮಲ್ಲೇ ಬ್ಯಾಡಗಿ ಮೆಣಸಿನಕಾಯಿ ಇದೆ. ಖಾರ ಕಡಿಮೆ, ಬಣ್ಣ ಹೆಚ್ಚು ಎಂದೇ ಅದಕ್ಕೆ ಹೆಸರು. ಆದರೆ ಪುಡಿಬಣ್ಣ ಅಗ್ಗ, ಮೆಣಸಿನಕಾಯಿ ತುಟ್ಟಿ. ಗಿರಾಕಿಯೂ ಕೆಂಪಗೆ ಕಾಣುವ ಗಾಡಿಯ ಹತ್ತಿರವೇ ಹೋಗುತ್ತಾನೆ.

ಕಬ್ಬಿನ ಸೀಮೆಯಾದ ಇಲ್ಲಿಗೆ ಇನ್ನೂ ಹತ್ತಿರದ ಉದಾಹರಣೆ ಬೆಲ್ಲ. ಹುಮನಾಬಾದ್ ಸೀಮೆಯ ಹಳ್ಳಿಖೇಡದಲ್ಲಿ ಸಹಕಾರಿ ಸಕ್ಕರೆ ಕಾರ್ಖಾನೆ ಇದೆ. ಬೆಲ್ಲದ ಗಾಣಗಳೂ ಈ ಭಾಗಕ್ಕೆ ಹೊಸತಲ್ಲ. ಕಬ್ಬಿನ ಹಾಲು ಕುದಿಯುವಾಗ ಬೆಂಡೆ ಗಿಡದ ಲೋಳೆ ಹಾಕಿ ಕೊಳೆ ಮೇಲೆ ತರುವುದು, ಹದಕ್ಕೆ ಸ್ವಲ್ಪ ಸುಣ್ಣ ಹಾಕುವುದು ಹಳೆಯ ಪದ್ಧತಿ. ಹಾಗೆ ಮಾಡಿದ ಬೆಲ್ಲ ಕಂದು ಬಣ್ಣಕ್ಕೆ ತಿರುಗುತ್ತದೆ. ಪೇಟೆಯಲ್ಲಿ ಬೆಲೆ ಸಿಗುವುದು ಮಾತ್ರ ಬಂಗಾರದ ಬಣ್ಣದ ಬೆಲ್ಲಕ್ಕೆ. ಆದ್ದರಿಂದ ‘ಹೈಡ್ರೋಸ್’ ಎಂದು ಕರೆಯುವ ಸೋಡಿಯಂ ಹೈಡ್ರೋಸಲ್ಫೈಟ್ ಕೊಪ್ಪರಿಗೆಗೆ ಬೀಳುತ್ತದೆ, ಬಣ್ಣ ತಿಳಿಯಾಗುತ್ತದೆ, ಗಂಧಕದ ಅಂಶ ಬೆಲ್ಲದಲ್ಲಿ ಉಳಿಯುತ್ತದೆ. ಬೆಲ್ಲದಲ್ಲಿ ಗಂಧಕದ ಡೈಆಕ್ಸೈಡ್ ಕಿಲೋಗೆ 70 ಮಿಲಿಗ್ರಾಂ ಮೀರಬಾರದು ಎಂದು ನಿಯಮ ಹೇಳುತ್ತದೆ. ಈ ಅಂಶ ಅತಿಯಾದರೆ ಉಬ್ಬಸ ಇರುವವರಿಗೆ ತೊಂದರೆ ಕೊಡಬಲ್ಲದು. ಸಂತೆಯಲ್ಲಿ ಕೊಳ್ಳುವ ಬೆಲ್ಲದ ಪೆಂಟೆಗೆ ಲೇಬಲ್ಲೆಲ್ಲಿದೆ? ಕೊಳ್ಳುವವರು ಕಂದು ಬೆಲ್ಲವನ್ನು ಕೇಳಿ ಪಡೆದು, ಅದಕ್ಕೆ ತಕ್ಕ ಬೆಲೆ ಕೊಡದ ಹೊರತು ಗಾಣದ ಯಜಮಾನನ ಮೇಲೆ ಮಾತ್ರ ತಪ್ಪು ಹೊರಿಸುವುದು ನ್ಯಾಯವಲ್ಲ.

ಆಹಾರಕ್ಕೆ ಬಣ್ಣ ಹಚ್ಚುವ ಈ ಕಥೆ ಬಹಳ ದೂರದಿಂದ ಬಂದದ್ದು. 1856ರಲ್ಲಿ ಲಂಡನ್ನಿನ ತರುಣ ವಿಲಿಯಂ ಪರ್ಕಿನ್ ಕಲ್ಲಿದ್ದಲ ಟಾರಿನಿಂದ ಬಂದ ರಾಸಾಯನಿಕದಿಂದ ನೇರಳೆ ಬಣ್ಣ ತೆಗೆದ. ಮುಂದಿನ ಕೆಲವೇ ದಶಕಗಳಲ್ಲಿ ಅಂಥ ಬಣ್ಣಗಳು ಬಟ್ಟೆಯಿಂದ ಮಿಠಾಯಿಗೆ ಹರಿದವು. ಜನರ ಗಲಾಟೆಯ ನಂತರ 1906ರಲ್ಲಿ ಅಮೆರಿಕ ಶುದ್ಧ ಆಹಾರದ ಕಾನೂನು ತಂದಿತು. ಭಾರತ 1954ರಲ್ಲಿ ಕಲಬೆರಕೆ ತಡೆ ಕಾಯ್ದೆ ಮಾಡಿತು. ಅದರ ಜಾಗಕ್ಕೆ ಬಂದ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ 2011ರ ಆಗಸ್ಟ್ 5ರಿಂದ ಜಾರಿಯಲ್ಲಿದೆ.

ವಿಜ್ಞಾನವೂ ನಿಂತಲ್ಲೇ ನಿಂತಿಲ್ಲ. 2007ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದವರು ಮಕ್ಕಳಿಗೆ ಕೆಲವು ಕೃತಕ ಬಣ್ಣ ಮತ್ತು ಸೋಡಿಯಂ ಬೆಂಜೊಯೇಟ್ ಬೆರೆಸಿದ ಪಾನೀಯ ಕೊಟ್ಟು ನೋಡಿದರು. ಕೆಲವು ಮಕ್ಕಳ ಚಡಪಡಿಕೆ ಹೆಚ್ಚಿತು. 2010ರ ಜುಲೈಯಿಂದ ಯುರೋಪಿನಲ್ಲಿ ಟಾರ್ಟ್ರಜಿನ್, ಸನ್‌ಸೆಟ್ ಯೆಲ್ಲೊ ಸೇರಿ ಆರು ಬಣ್ಣಗಳಿರುವ ತಿನಿಸಿನ ಮೇಲೆ, ಇದು ಮಕ್ಕಳ ಚಟುವಟಿಕೆ ಮತ್ತು ಗಮನದ ಮೇಲೆ ಪರಿಣಾಮ ಬೀರಬಹುದು ಎಂಬ ಎಚ್ಚರಿಕೆ ಬರೆಯಬೇಕು. ಅಮೆರಿಕ 2025ರ ಜನವರಿಯಲ್ಲಿ ಎರಿತ್ರೊಸಿನ್ ಎಂಬ ಕೆಂಪು ಬಣ್ಣವನ್ನು ಆಹಾರದಿಂದ ತೆಗೆಯುವ ತೀರ್ಮಾನ ಮಾಡಿತು. ನಮ್ಮ ಎಂಟರ ಪಟ್ಟಿಯಲ್ಲಿ ಅದೂ ಇದೆ. ನಮ್ಮ ಪೊಟ್ಟಣಗಳ ಮೇಲೆ ಒಪ್ಪಿಗೆ ಪಡೆದ ಕೃತಕ ಬಣ್ಣ ಇದೆ ಎಂದು ಬರೆದು, ಅದರ ಹೆಸರನ್ನೋ ಸಂಖ್ಯೆಯನ್ನೋ ಕೊಟ್ಟರೆ ಸಾಕು. ಮಕ್ಕಳ ಬಗ್ಗೆ ಒಂದು ಮಾತೂ ಇರಬೇಕಾಗಿಲ್ಲ.

ಆ ಒಂದು ಸಾಲನ್ನಾದರೂ ಹುಡಗಿ ಊರಿನ ತಾಯಿ ಓದಬಲ್ಲಳೇ? ತೊಡಕಿರುವುದು ಇಲ್ಲಿಯೇ. ಲೇಬಲ್ಲಿನ ಕಡ್ಡಾಯ ವಿವರಗಳು ಇಂಗ್ಲಿಷಿನಲ್ಲಿ ಅಥವಾ ದೇವನಾಗರಿಯ ಹಿಂದಿಯಲ್ಲಿ ಇರಬೇಕೆಂದು ಕೇಂದ್ರದ ನಿಯಮ ಹೇಳುತ್ತದೆ. ಬೇರೆ ಭಾಷೆಯನ್ನು ಜೊತೆಗೆ ಸೇರಿಸಲು ಅಡ್ಡಿಯಿಲ್ಲ, ಆದರೆ ಸೇರಿಸಲೇಬೇಕೆಂದಿಲ್ಲ. 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದ ಈ ನೆಲದಲ್ಲಿ ಕನ್ನಡದ ಜೊತೆ ಉರ್ದು, ಮರಾಠಿ, ತೆಲುಗು ಮನೆಮಾತುಗಳಾಗಿವೆ. ಕಿರಾಣಿ ಅಂಗಡಿಯಲ್ಲಿ ಐದು ರೂಪಾಯಿಗೆ ಸಿಗುವ ಖಾರದ ಪೊಟ್ಟಣದ ಹಿಂದೆ, ಸಾಸಿವೆಗಿಂತ ಸಣ್ಣ ಅಕ್ಷರದ ಇಂಗ್ಲಿಷಿನಲ್ಲಿ ‘110’, ‘621’, ‘319’ ಎಂದು ಸೇರಿಸಿದ ಪದಾರ್ಥಗಳ ಸಂಖ್ಯೆಗಳಷ್ಟೇ ಇದ್ದರೆ ಈ ಭಾಷೆಗಳನ್ನಾಡುವ ಯಾರಿಗೂ ಉಪಯೋಗವಿಲ್ಲ. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ 2022ರ ಪ್ರಕಾರ ರಾಜ್ಯದಲ್ಲಿ ತಯಾರಾಗುವ ವಸ್ತುಗಳ ಮೇಲೆ ಕನ್ನಡ ಇರಬೇಕು. ಒಳ್ಳೆಯ ಹೆಜ್ಜೆಯೇ. ಆದರೆ ಗಡಿಯ ಊರಿಗೆ ಆಚೆಯ ರಾಜ್ಯಗಳಿಂದಲೂ ಸರಕು ಬರುತ್ತದೆ. ಅದಕ್ಕೆ ಈ ಕಟ್ಟಳೆ ತಗಲುವುದಿಲ್ಲ.

ಸಂಖ್ಯೆ ಕಂಡ ಕೂಡಲೇ ಹೆದರುವುದೂ ಬೇಡ. 100 ಎಂದರೆ ಅರಿಶಿನದ ಬಣ್ಣ. 300 ಎಂದರೆ ‘ಸಿ’ ಜೀವಸತ್ವ. 330 ನಿಂಬೆಯಲ್ಲಿರುವ ಹುಳಿ. 322 ಲೆಸಿತಿನ್, ಬೀದರಿನ ಹೊಲಗಳಲ್ಲಿ ಬೆಳೆಯುವ ಸೋಯಾದಿಂದಲೂ ಅದನ್ನು ತೆಗೆಯುತ್ತಾರೆ. ನೋಡಿ ಕೊಳ್ಳಬೇಕಾದ ಬಣ್ಣಗಳು 102, 110, 122, 124, 127. ಮಕ್ಕಳಿಗೆ ನಿತ್ಯ ಕೊಡುವ ತಿನಿಸಿನಲ್ಲಿ ಇವು ಇದ್ದರೆ ಪೊಟ್ಟಣವನ್ನು ಅಂಗಡಿಯಲ್ಲೇ ಬಿಡುವುದು ಲೇಸು. ಪದಾರ್ಥಗಳ ಪಟ್ಟಿಯಲ್ಲಿ ಹೆಚ್ಚು ತೂಕದ್ದು ಮೊದಲು ಬರುತ್ತದೆ. ‘ಹಣ್ಣಿನ ರಸ’ ಎಂದು ಹೆಸರಿಟ್ಟ ಬಾಟಲಿಯಲ್ಲಿ ನೀರು, ಸಕ್ಕರೆ ಮೊದಲಿದ್ದು ಹಣ್ಣು ಹಿಂದಿದ್ದರೆ ಅದು ಏನೆಂದು ತಾನೇ ತಿಳಿಯುತ್ತದೆ.

ಓದು ಬಾರದವರಿಗೂ ಅರ್ಥವಾಗುವ ಲೇಬಲ್ಲು ಸಾಧ್ಯವೇ? ಸಾಧ್ಯ, ನಾವೇ ಅದನ್ನು ಮಾಡಿ ತೋರಿಸಿದ್ದೇವೆ. ಸಸ್ಯಾಹಾರದ ಹಸಿರು ಚುಕ್ಕೆಯನ್ನು ಇವತ್ತು ಹಳ್ಳಿಯ ಅಜ್ಜಿಯೂ ಗುರುತಿಸುತ್ತಾಳೆ. 2020ರ ಲೇಬಲ್ ನಿಯಮಗಳು ಮಾಂಸಾಹಾರದ ಚುಕ್ಕೆಯನ್ನು ತ್ರಿಕೋನವಾಗಿ ಬದಲಿಸಿದವು. ಹೀಗಾಗಿ ಬಣ್ಣಗಳ ವ್ಯತ್ಯಾಸ ಕಾಣದವರೂ ಆಕಾರ ನೋಡಿ ತಿಳಿಯಬಹುದು. ಚಿಲಿ ದೇಶ 2016ರಿಂದ ಸಕ್ಕರೆ, ಉಪ್ಪು, ಕೊಬ್ಬು ಹೆಚ್ಚಿರುವ ಪೊಟ್ಟಣದ ಮುಂಭಾಗದಲ್ಲೇ ಎಂಟು ಮೂಲೆಯ ಕಪ್ಪು ಗುರುತು ಹಾಕಿಸುತ್ತಿದೆ. ಭಾರತದಲ್ಲಿ ಇಂಥ ಗುರುತಿನ ಬಗ್ಗೆ ಚರ್ಚೆ ವರ್ಷಗಟ್ಟಲೆ ನಡೆದಿದೆ. 2022ರಲ್ಲಿ ಪೊಟ್ಟಣಗಳಿಗೆ ನಕ್ಷತ್ರಗಳ ಅಂಕ ಕೊಡುವ ಕರಡು ನಿಯಮ ಬಂತು, 2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಬೇಗ ತೀರ್ಮಾನಿಸಿ ಎಂದಿತು. ಹಸಿರು ಚುಕ್ಕೆಗೆ ಸಾಧ್ಯವಾದದ್ದು ಕೃತಕ ಬಣ್ಣಕ್ಕೂ ಸಕ್ಕರೆಗೂ ಸಾಧ್ಯವಾಗಬೇಕು.

ಅಲ್ಲಿಯವರೆಗೆ ಕೊಳ್ಳುವವರ ಕೈಯಲ್ಲೂ ಕೆಲವು ಹಕ್ಕುಗಳಿವೆ. ಪೊಟ್ಟಣದ ಮೇಲೆ 14 ಅಂಕಿಯ ಪರವಾನಗಿ ಸಂಖ್ಯೆ ಇರಲೇಬೇಕು. ಕರ್ನಾಟಕ ಸರ್ಕಾರ ಕೊಟ್ಟ ಪರವಾನಗಿ 112ರಿಂದ, ಸಣ್ಣ ವ್ಯಾಪಾರಿಯ ನೋಂದಣಿ 212ರಿಂದ, ಕೇಂದ್ರದ್ದು 100ರಿಂದ ಶುರುವಾಗುತ್ತದೆ. ಆಹಾರ ಸುರಕ್ಷತೆ ಕಾಯ್ದೆಯ 40ನೇ ಕಲಮು ಗಿರಾಕಿಗೇ ಮಾದರಿ ಪರೀಕ್ಷೆ ಮಾಡಿಸುವ ಅಧಿಕಾರ ಕೊಟ್ಟಿದೆ. ಕೊಳ್ಳುವಾಗಲೇ ಪರೀಕ್ಷೆಗೆ ಕಳಿಸುತ್ತೇನೆಂದು ಅಂಗಡಿಯವರಿಗೆ ತಿಳಿಸಿ, ಶುಲ್ಕ ಕಟ್ಟಬೇಕು. ತಪ್ಪು ಸಿಕ್ಕರೆ ಶುಲ್ಕ ವಾಪಸ್ ಬರುತ್ತದೆ. ಈ ಭಾಗಕ್ಕೆ ಕಲಬುರಗಿಯಲ್ಲಿ ವಿಭಾಗೀಯ ಆಹಾರ ಪ್ರಯೋಗಾಲಯವಿದೆ. ಮಾದರಿ ತಲುಪಿದ 14 ದಿನಗಳೊಳಗೆ ಆಹಾರ ವಿಶ್ಲೇಷಕರು ವರದಿ ಕೊಡಬೇಕೆಂದು ಕಾಯ್ದೆ ಹೇಳುತ್ತದೆ. ತಪ್ಪು ಲೇಬಲ್ ಹಚ್ಚಿದವರಿಗೆ 3 ಲಕ್ಷ ರೂಪಾಯಿವರೆಗೆ, ದಾರಿ ತಪ್ಪಿಸುವ ಜಾಹೀರಾತು ಕೊಟ್ಟವರಿಗೆ 10 ಲಕ್ಷದವರೆಗೆ ದಂಡವಿದೆ.

ಗ್ರಾಮಸಭೆಯಲ್ಲಿ, ಶಾಲೆಯ ಪಾಲಕರ ಸಭೆಯಲ್ಲಿ ಈ ಮಾತು ಎತ್ತಬೇಕು. ಆಹಾರ ಸುರಕ್ಷತಾ ಅಧಿಕಾರಿಯನ್ನು ಜಾತ್ರೆಯ ಮೊದಲೇ ಕರೆಸಿ, ಗಾಡಿಯವರಿಗೆ ಯಾವ ಬಣ್ಣ ಹಾಕಬಾರದೆಂದು ಕನ್ನಡದಲ್ಲಿ, ಉರ್ದುವಿನಲ್ಲಿ ತಿಳಿಸಿ ಹೇಳಿಸಬೇಕು. ದೂರು ಕೊಡುವವರಿಗೆ ಉಚಿತ ದೂರವಾಣಿ ಸಂಖ್ಯೆ 1800-112-100.